ಗಂಟಿಲ್ಲದ ಹಗ್ಗ

"ಬಿಡೇ! ಬಿಡು ಅಂದ್ರೆ ಬಿಡ್ಬೇಕು! ಕಿವಿ ಐತೋ ಇಲ್ವೋ ನಿನಗೆ?"

ದೋಣಿಯ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ಕುಳಿತಿದ್ದ ನನ್ನ ಗಂಡ ಉಗ್ರಪ್ಪ ಕೂಗಿದರು. ನಾನು ಹಗ್ಗ ಬಿಟ್ಟೆ. ಮುಂದಿನ ಸಣ್ಣ ಹಾಯಿ ಪಟಪಟ ಬಡಿದುಕೊಂಡಿತು. ಅದರ ಮೂಲೆಯ ಗಂಟು ಹಾಯಿಕಂಬದ ಗೂಟಕ್ಕೆ ಸಿಕ್ಕಿಹಾಕಿಕೊಂಡಿತು. ದೋಣಿ ಅರ್ಧ ತಿರುಗಿ ನಿಂತು, ಆಮೇಲೆ ಹಿಂದಕ್ಕೆ ತೇಲತೊಡಗಿತು. ಆ ಬೆಳಿಗ್ಗೆ ಅದು ಮೂರನೆಯ ಸಲ.

ಎಪ್ಪತ್ನಾಲ್ಕರ ಆಷಾಢ. ಡೀಸೆಲ್ ಬೆಲೆ ಏರಿ, ಮಾರಿಕಣಿವೆಯಲ್ಲಿ ಇಲಾಖೆಯ ಮೋಟಾರು ದೋಣಿ ದಡ ಹತ್ತಿ ಕುಳಿತಿತ್ತು. ಜಲಾಶಯದ ಹೂಳಿನ ಆಳ ಅಳೆಯಲು ಗಾಳಿಯಲ್ಲೇ ಓಡುವ ದೋಣಿ ಮಾಡಿ ತೋರಿಸುತ್ತೇನೆಂದು ಜೂನಿಯರ್ ಇಂಜಿನಿಯರಾಗಿದ್ದ ಇವರು ಹಟ ಹಿಡಿದರು. ಯಾವುದೋ ವಿದೇಶಿ ಪುಸ್ತಕದ ಚಿತ್ರ ನೋಡಿ ಹಿರಿಯೂರಿನ ಬಡಗಿ ಖಲೀಲುಲ್ಲಾ ಅದನ್ನು ಕಟ್ಟಿಕೊಟ್ಟಿದ್ದ. ಪಕ್ಕಪಕ್ಕದಲ್ಲಿ ಎರಡು ಸಪೂರ ದೋಣಿ, ನಡುವೆ ಕೂರಲು ಬಿಗಿದ ಕ್ಯಾನ್ವಾಸು. ಜೋಡಿದೋಣಿ ಎನ್ನುತ್ತಿದ್ದೆವು. ಗಾಳಿ ಸಿಕ್ಕರೆ ಹಕ್ಕಿ. ಆದರೆ ಹಗುರ, ತಿರುವಿನಲ್ಲಿ ಒಂದು ಕ್ಷಣ ಗಾಳಿ ತಪ್ಪಿದರೂ ನಿಂತುಬಿಡುತ್ತಿತ್ತು.

ಗಾಳಿಗೆ ಎದುರಾಗಿ ಹೋಗಬೇಕಾದರೆ ಅಂಕುಡೊಂಕಾಗಿ ಹೋಗಬೇಕು. ಪ್ರತಿ ತಿರುವಿನಲ್ಲೂ ಸಣ್ಣ ಹಾಯಿ ಕಂಬದ ಮುಂದೆ ಹಾದು ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಬರಬೇಕು. ಹಾಯಿಯ ಮೂಲೆಗೆ ಎರಡು ಹಗ್ಗ, ಎಡಕ್ಕೊಂದು, ಬಲಕ್ಕೊಂದು. ಒಂದನ್ನು ಬಿಟ್ಟು ಇನ್ನೊಂದನ್ನು ಎಳೆಯುವುದು ನನ್ನ ಕೆಲಸ. ಆ ಕೆಲಸ ನನಗೆ ಬರುವುದಿಲ್ಲವೆಂದು ಇಡೀ ಕ್ವಾರ್ಟರ್ಸಿಗೆ ಗೊತ್ತಾಗಿತ್ತು, ನೀರಿನ ಮೇಲೆ ಕೂಗು ಬಹಳ ದೂರ ಹೋಗುತ್ತದೆ.

ದಡದಲ್ಲಿ ಖಲೀಲುಲ್ಲಾ ದೋಣಿಯ ಮೂತಿ ಹಿಡಿದು ನಿಲ್ಲಿಸಿದ.

"ನಿನ್ನ ಮರದಾಗೇನೂ ದೋಷ ಇಲ್ಲ ಕಣಯ್ಯ," ಎಂದರು ಇವರು, ಒದ್ದೆ ಪಂಚೆ ಹಿಂಡುತ್ತ. "ಇವಳಿಗೆ ಬಿಡಾಕೇ ಬರಲ್ಲ. ಭಾನುವಾರ ದುರ್ಗದಿಂದ ದೊಡ್ಡ ಸಾಹೇಬರು ಬರ್ತಾರೆ. ಆವತ್ತು ಜಂಪಣ್ಣ ಕೂತ್ಕಳ್ಳಿ ಮುಂದೆ."

ಜಂಪಣ್ಣ ಅವರ ಆಫೀಸಿನ ಗುಮಾಸ್ತ. ಅಲ್ಲಿಯವರೆಗೆ ದೋಣಿಗೆ ಕಾಲಿಟ್ಟವನಲ್ಲ.

"ನಾನು?" ಎಂದೆ.

"ನೀನು ಉಪ್ಪಿಟ್ಟು ಮಾಡು. ಅದು ಚೆಂದಾಗಿ ಮಾಡ್ತಿಯಲ್ಲ."

ಹೊಗಳಿದ್ದೇನೆಂದೇ ಅವರು ತಿಳಿದಿದ್ದರು. ಆರು ವರ್ಷದ ಸಂಸಾರದಲ್ಲಿ ಆ ಕ್ಯಾನ್ವಾಸಿನ ಮೇಲಿನ ಒಂದು ಮೊಳ ಜಾಗದಷ್ಟು ನನ್ನದಾಗಿದ್ದು ಬೇರೇನೂ ಇರಲಿಲ್ಲ. ಗಾಳಿ ತುಂಬಿ ಒಂದು ದೋಣಿ ನೀರಿನಿಂದ ಮೇಲೇಳುವಾಗ ನಾನು ಯಾರ ಹೆಂಡತಿ, ಯಾವ ಮನೆಯ ಸೊಸೆ ಎಂಬುದೆಲ್ಲ ಕಳಚಿ ಕೆಳಗೆ ಬೀಳುತ್ತಿತ್ತು. ಅದನ್ನು ಈಗ ಉಪ್ಪಿಟ್ಟಿಗೆ ಬದಲು ಮಾಡಿಕೊಡುತ್ತಿದ್ದರು.

ಅವರ ಮೇಲಿನದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೇ ಬಂತು. ನಾನು ಅವರ ಕೂಗನ್ನು ನಂಬಿದ್ದೆ. ನಾಲ್ಕು ತಿಂಗಳು, ತಡವಾಗಿ ಬಿಡುವವಳು ನಾನೇ ಎಂದುಕೊಂಡು ಬೇಗ ಬೇಗ ಬಿಡುತ್ತಾ ಬಂದಿದ್ದೆ. ಬೇಗ ಬಿಟ್ಟಷ್ಟೂ ಹಾಯಿ ಹೆಚ್ಚು ಬಡಿದುಕೊಳ್ಳುತ್ತಿತ್ತು. ಬಡಿದುಕೊಂಡಷ್ಟೂ ಗಂಟು ಗೂಟವನ್ನು ಹುಡುಕಿಕೊಂಡು ಹೋಗುತ್ತಿತ್ತು. ಕಣ್ಣೆದುರೇ ನಡೆಯುತ್ತಿದ್ದುದನ್ನು ಕಿವಿಯ ಮಾತು ಕೇಳಿ ನೋಡದೆ ಹೋಗಿದ್ದೆ.

ಬುಧವಾರ ಇವರು ಆಫೀಸಿಗೆ ಹೋದ ಮೇಲೆ ದಡಕ್ಕೆ ಹೋದೆ. ಬಿರುಕು ಬಿಟ್ಟ ಹಲಗೆಯೊಂದನ್ನು ಖಲೀಲುಲ್ಲಾ ಸರಿಮಾಡುತ್ತಿದ್ದ. ನಾನು ಹಾಯಿಯ ಮೂಲೆಯನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಎರಡು ಹಗ್ಗ, ಎರಡು ಗಂಟು, ಒಂದೊಂದೂ ಮಗುವಿನ ಮುಷ್ಟಿಯಷ್ಟು. ಪುಸ್ತಕ ನೋಡಿ ಇವರೇ ಹಾಕಿದ್ದು.

ನಮ್ಮ ಅಪ್ಪ ಚಿತ್ತಯ್ಯ ಕುರಿ ಕಾಯುವವರು. ಹಟ್ಟಿಯ ಸುತ್ತ ಜಾಲಿಮುಳ್ಳಿನ ಕಾಡು. ಮುಂದಾಳು ಟಗರಿನ ಕೊರಳಿಗೆ ಉಣ್ಣೆಯ ಪಟ್ಟಿ ಇರುತ್ತಿತ್ತು. ಆ ಪಟ್ಟಿಗೆ ಹಗ್ಗ ಸೇರುವ ಕಡೆ ಗಂಟು ಹಾಕಲು ಅಪ್ಪ ಬಿಡುತ್ತಿರಲಿಲ್ಲ. ಗಂಟಿದ್ದರೆ ಕೊಂಬೆಯ ಕವಲಿಗೆ ಸಿಕ್ಕಿಕೊಂಡು ಟಗರು ಅಲ್ಲೇ ಒದ್ದಾಡಿ ಸಾಯುತ್ತದೆ. ಉದ್ದನೆಯ ಒಂದೇ ಹಗ್ಗ ತಗೊಂಡು, ನಡುವಿಗೆ ಮಡಚಿ, ಆ ಮಡಿಕೆಯನ್ನು ಪಟ್ಟಿಯೊಳಗೆ ತೂರಿಸಿ, ಎರಡು ತುದಿಯನ್ನೂ ಅದರೊಳಗೆ ಹಾಯಿಸಿ ಜಗ್ಗಿದರೆ ಮುಗಿಯಿತು. ಕೈಯಾಡಿಸಿದರೂ ಉಬ್ಬು ಸಿಗುವುದಿಲ್ಲ. ಏಳು ವರ್ಷದ ಹುಡುಗಿಯಾಗಿದ್ದಾಗ ಕಣ್ಣು ಮುಚ್ಚಿ ಹಾಕುತ್ತಿದ್ದೆ.

ಇವರೂ ಹಾಕುತ್ತಿದ್ದರು. ಇವರ ಹಟ್ಟಿ ನಮ್ಮ ಹಟ್ಟಿಯಿಂದ ಎರಡು ಮೈಲಿ. ಇಂಜಿನಿಯರಾದ ಮೇಲೆ ಮನೆಯಲ್ಲಿ ಕುರಿಯ ಮಾತು ಆಡುವಂತಿರಲಿಲ್ಲ. ಆಡಬೇಡ ಎಂದರು, ನಾನು ಆಡಲಿಲ್ಲ. ನಾಲಿಗೆ ಸುಮ್ಮನಾದರೆ ಕೈಯೂ ಮರೆಯುತ್ತದೆಂದು ಅವತ್ತು ತಿಳಿಯಿತು.

ಎರಡು ಗಂಟನ್ನೂ ಬಿಚ್ಚಿ ಎಸೆದೆ.

"ಅರೇ, ಸಾಹೇಬರು ಬೈತಾರಕ್ಕಾ!" ಎಂದ ಖಲೀಲುಲ್ಲಾ.

"ಬೈಯೋದು ಹೊಸದಾ? ನೀನು ಆ ಗೂಟ ಕಿತ್ತು ಕಂಬದ ಹಿಂದಕ್ಕೆ ಹೊಡಿ. ಮುಂದೆ ಯಾಕೆ ಹೊಡೆದಿದ್ದೆ?"

"ಚಿತ್ರದಾಗೆ ಹಂಗೇ ಇತ್ತಲ್ಲ. ನಾನು ಗಾಡಿಚಕ್ರ ಮಾಡೋನು, ನನಗೇನು ಗೊತ್ತು?"

ಗೂಟ ಹಿಂದಕ್ಕೆ ಹೋಯಿತು. ಉದ್ದನೆಯ ಒಂದೇ ಹಗ್ಗವನ್ನು ಹಾಯಿಯ ಮೂಲೆಗೆ ಟಗರಿನ ಪಟ್ಟಿಗೆ ಹಾಕಿದಂತೆಯೇ ಹಾಕಿದೆ. ಆಮೇಲೆ ಅವನನ್ನು ಮುಂದೆ ಕೂರಿಸಿ, ಮೊದಲ ಬಾರಿಗೆ ಚುಕ್ಕಾಣಿ ಹಿಡಿದೆ.

"ಅಕ್ಕಾ, ನಾನು ಬಡಗಿ, ಮೀನಲ್ಲ. ಮುಳುಗಿದ್ರೆ ನನ್ನ ಹೆಂಡ್ತಿ ಪ್ಯಾರಿ ಬೀ ನಿನ್ನ ಸುಮ್ನೆ ಬಿಡಾಕಿಲ್ಲ."

"ಹಗ್ಗ ಹಿಡ್ಕ. ನಾನು ಹೇಳೋವರೆಗೆ ಬಿಡಬೇಡ."

ದೋಣಿಯ ಮೂತಿ ಗಾಳಿಯನ್ನು ದಾಟುವವರೆಗೂ ಅವನಿಂದ ಹಗ್ಗ ಹಿಡಿಸಿದೆ. ಗಾಳಿ ಹಾಯಿಯ ಬೆನ್ನಿಗೆ ಬಿದ್ದು ಅದನ್ನು ಉಬ್ಬಿಸಿ, ಮೂತಿಯನ್ನು ತಾನೇ ಆಚೆ ತಳ್ಳಿತು. "ಈಗ!" ಎಂದೆ. ಹಾಯಿ ಒಂದೇ ಉಸಿರಿಗೆ ಕಂಬದ ಮುಂದೆ ಸವರಿಕೊಂಡು ಹೋಯಿತು. ಒಂಬತ್ತು ಸಲ ತಿರುಗಿದೆವು. ಒಂದು ಸಲವೂ ಸಿಕ್ಕಲಿಲ್ಲ. ಖಲೀಲುಲ್ಲಾ "ಅಲ್ಲಾ ಅಲ್ಲಾ" ಎನ್ನುತ್ತ ನಗುತ್ತಿದ್ದ. ನನಗೆ ನಗು ಬರಲಿಲ್ಲ. ನಾಲ್ಕು ತಿಂಗಳು ನೆನಪಾಗಿ ಹಲ್ಲು ಕಚ್ಚಿದ್ದೆ.

ಸಂಜೆ ಇವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಬೆರಳಿನಿಂದ ಕುಣಿಕೆಯನ್ನು ಮುಟ್ಟಿ ನೋಡಿದರು. ಅವರಿಗೆ ಗುರುತು ಸಿಕ್ಕಿತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಹೂಂ. ನಾನೂ ಇದನ್ನೇ ಯೋಚಿಸಿದ್ದೆ. ಇರ್ಲಿ. ಸಾಹೇಬರ ಮುಂದೆ ಕುರಿ ಗಿರಿ ಅಂತ ಬಾಯಿ ಬಿಟ್ಟೀಯ!"

"ಹಂಗಾದ್ರೆ ಭಾನುವಾರ ಮುಂದೆ ನಾನೇ ಕೂತ್ಕಂತೀನಿ."

"ಜಂಪಣ್ಣಂಗೆ ಹೇಳಾಗೈತೆ."

ಭಾನುವಾರ ಜಂಪಣ್ಣ ಕುಳಿತ. ಯಾರು ಹಗ್ಗ ಹಿಡಿದರೂ ಆ ಕುಣಿಕೆ ಎಲ್ಲೂ ಸಿಕ್ಕಿಹಾಕಿಕೊಳ್ಳುವಂಥದ್ದಲ್ಲ. ಅವನು ಹೊತ್ತು ತಪ್ಪಿ ಬಿಟ್ಟರೂ ಹಾಯಿ ಬಡಿದಾಡಿಕೊಂಡು ಹೇಗೋ ದಾಟಿತು. ನಾನು ದಡದಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ.

"ಹೆಂಗ್ರೀ ಇದು, ಹಾಯಿ ಒಂದು ಕಡೆನೂ ಸಿಕ್ಕಿಹಾಕ್ಕೊಳ್ಳಲಿಲ್ಲ?" ಎಂದರು ಸಾಹೇಬರು, ದೋಣಿ ದಡ ಮುಟ್ಟಿದಾಗ.

"ಪುಸ್ತಕದಾಗೆ ಓದಿದ್ದೆ ಸಾರ್. ಸ್ವಲ್ಪ ಲೆಕ್ಕ ಹಾಕ್ದೆ."

ಸಾಹೇಬರು ತಾವೂ ಒಂದು ಸುತ್ತು ಬರುತ್ತೇನೆಂದು ಬೂಟು ಬಿಚ್ಚತೊಡಗಿದರು. ಜಂಪಣ್ಣ ಅಷ್ಟರಲ್ಲಿ ಕೆಳಗಿಳಿದಿದ್ದ. ತಟ್ಟೆಯನ್ನು ಅವನ ಕೈಗಿಟ್ಟೆ.

"ಹಿಡ್ಕ ತಮ್ಮಾ. ಈಗ ನಿನ್ನ ಪಾಳಿ."

ಸೀರೆ ಎತ್ತಿ ಕಟ್ಟಿ, ನೀರಿಗಿಳಿದು, ನನ್ನ ಜಾಗದಲ್ಲಿ ಕುಳಿತೆ.

"ಇಳಿಯೇ," ಎಂದರು ಇವರು ಹಲ್ಲಿನ ಸಂದಿಯಲ್ಲಿ.

"ಇಳಿಯಲ್ಲ."

ಸಾಹೇಬರು ಹತ್ತಿಬಿಟ್ಟರು. ಅವರೆದುರು ಕೂಗಲಾರದೆ ಇವರು ಚುಕ್ಕಾಣಿ ಹಿಡಿದರು.

ನಡುನೀರಿನಲ್ಲಿ ತಿರುವು ಬಂತು. "ಬಿಡು," ಎಂದರು. ನಾನು ಬಿಡಲಿಲ್ಲ. "ಬಿಡು!" ಮೂತಿ ದಾಟಿತು, ಹಾಯಿ ಉಬ್ಬಿತು, ಆಗ ಬಿಟ್ಟೆ. ಸದ್ದೇ ಇಲ್ಲದೆ ಅದು ಈಚೆಗೆ ಬಂತು.

"ಅವರು ಬಿಡು ಅಂದಾಗ ನೀವು ಬಿಡಲಿಲ್ಲವಲ್ಲಮ್ಮ?" ಎಂದರು ಸಾಹೇಬರು.

"ಬಿಡೋ ಹೊತ್ತು ಅದಲ್ಲ ಸಾರ್. ಈ ಕುಣಿಕೆನೂ ಯಾವ ಪುಸ್ತಕದ್ದೂ ಅಲ್ಲ. ಕುರಿಪಟ್ಟಿಗೆ ಹಾಕೋದು. ನಾನು ಹಾಕ್ದೆ. ನಮ್ಮಪ್ಪ ಕುರಿ ಕಾಯೋರು. ಇವರಪ್ಪನೂ ಅಷ್ಟೇ."

ಹಿಂದಕ್ಕೆ ತಿರುಗಿ ಇವರ ಮುಖ ನೋಡಲಿಲ್ಲ. ಆಕಾಶ ಬಿದ್ದೇ ಬೀಳುತ್ತದೆಂದು ಕಾದೆ. ಸಾಹೇಬರು ನಕ್ಕರು. "ಭೇಷ್! ಹಂಗಾದ್ರೆ ಇಂಥವು ಇನ್ನೆರಡು ಮಾಡಿಸ್ರಿ ಉಗ್ರಪ್ಪ. ರಿಪೋರ್ಟಿನಲ್ಲಿ ನಿಮ್ಮ ಹೆಸರು ಬರೀತೀನಿ."

ಹಗ್ಗ ನನ್ನ ಕೈಯಲ್ಲಿತ್ತು. ಮಾತು ನನ್ನ ತಲೆಯ ಮೇಲೆ ಹಾದು ಹಿಂದಕ್ಕೆ ಹೋಯಿತು. ಸತ್ಯ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ನಂಬಿದ್ದೆನಲ್ಲ, ಆ ನಂಬಿಕೆಯ ಮೇಲೂ ಸಿಟ್ಟು ಬಂತು.

ಸಾಹೇಬರ ಜೀಪು ಹೊರಟ ಮೇಲೆ ಇವರು ಬಂದು ನನ್ನ ಎದುರು ನಿಂತರು.

"ಮನೆಗೆ ನಡಿ. ಹೇಳ್ತೀನಿ ನಿನಗೆ."

"ನೀವು ನಡೀರಿ. ಗಾಳಿ ಇನ್ನೂ ಐತೆ."

ದೋಣಿಯ ಮೂತಿಯನ್ನು ನೀರಿನ ಕಡೆ ತಿರುಗಿಸಿ, ಹಿಂದೆ ಚುಕ್ಕಾಣಿಯ ಬಳಿ ಹತ್ತಿ ಕುಳಿತೆ. ದಡದಲ್ಲಿ ಕುಳಿತಿದ್ದ ಖಲೀಲುಲ್ಲಾ ಒಮ್ಮೆ ಅವರ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಎದ್ದು, ಬೀಡಿ ನೆಲಕ್ಕೆ ಹೊಸಕಿ, ಮುಂದೆ ಬಂದು ಕುಳಿತು ಹಗ್ಗ ಹಿಡಿದುಕೊಂಡ. ಬೆನ್ನ ಹಿಂದೆ ಇವರು ಕೂಗುತ್ತಿದ್ದರು. ಕೂಗು ನೀರಿನ ಮೇಲೆ ಬಹಳ ದೂರ ಬಂತು. ನಾನು ಚುಕ್ಕಾಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.