ಎರಡು ಹೆಸರಿನ ನಿಲ್ದಾಣಗಳು

"ಆಸ್ಪತ್ರೆ ಎಲ್ಲಿ ಬರುತ್ತೆ ಅಂತ ಗೊತ್ತಿಲ್ವಾ? ಈ ಟ್ರಾಮಿಗೆ ಕಂಡಕ್ಟರು ನೀನೋ ನಾನೋ?"

ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಗಂಡಸು ಹಾಗೆ ಕೇಳಿದ್ದೇ ತಡ, ಟ್ರಾಮಿನಲ್ಲಿದ್ದವರೆಲ್ಲ ನಕ್ಕರು. ಟೆಕ್ಲಾಳ ಕಿವಿ ಬಿಸಿಯಾಯಿತು. ನಕ್ಕವರಲ್ಲಿ ಒಬ್ಬರಿಗೂ ಆಸ್ಪತ್ರೆ ಎಲ್ಲಿದೆಯೆಂದು ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

"ಮುಂದಿನ ತಿರುವಿನಲ್ಲಿ ಇಳಿದು ಯಾರನ್ನಾದ್ರೂ ಕೇಳಿ," ಎಂದಳು.

"ಯಾರನ್ನ ಕೇಳ್ಲಿ? ಪಾರಿವಾಳಾನ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ತಿರುವಿನಲ್ಲಿ ಇದ್ದದ್ದು ಎರಡಾಳೆತ್ತರದ ಇಟ್ಟಿಗೆ ಗುಡ್ಡೆ, ಅದರ ಮೇಲೆ ಪಾರಿವಾಳಗಳು. ಯುದ್ಧ ಮುಗಿದು ವರ್ಷವಾಗಿತ್ತು. ಗಡಿ ಎಳೆಯುವವರು ಮನೆಯೊಳಗೆ ಮಂಚ ಸರಿಸಿದ ಹಾಗೆ ಪೋಲೆಂಡನ್ನು ಪಶ್ಚಿಮಕ್ಕೆ ಸರಿಸಿದ್ದರು. ಪೂರ್ವದ ಲ್ವೂಫ್ ಪಟ್ಟಣ ರಷ್ಯದವರ ಪಾಲಾಯಿತು. ಅಲ್ಲಿಯ ಜನ ಗಂಟುಮೂಟೆ ಕಟ್ಟಿ, ಗೂಡ್ಸ್ ರೈಲು ಹತ್ತಿ, ಇಲ್ಲಿ ಬಂದಿಳಿದರು. ಜರ್ಮನ್ನರ ಬ್ರೆಸ್ಲಾವ್ ರಾತ್ರಿ ಬೆಳಗಾಗುವುದರೊಳಗೆ ವ್ರೊತ್ಸ್ವಾಫ್ ಆಗಿತ್ತು. ಬೀದಿಗಳಿಗೆಲ್ಲ ಹೊಸ ಹೆಸರು. ಟೆಕ್ಲಾ ಆ ಹೆಸರುಗಳನ್ನು ಮಗ್ಗಿಯಂತೆ ಉರು ಹೊಡೆದಿದ್ದಳು. ಆದರೆ ಯಾವ ಹೆಸರಿನ ಹಿಂದೆ ಏನಿದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಲ್ವೂಫಿನಲ್ಲಾಗಿದ್ದರೆ ಅವಳು ಕಣ್ಣು ಮುಚ್ಚಿಕೊಂಡು, ಗಾಲಿಯ ಸದ್ದಿನ ಮೇಲೆಯೇ ನಿಲ್ದಾಣ ಹೇಳುತ್ತಿದ್ದಳು.

ಆ ಸಂಜೆ ಮನೆಗೆ ಬಂದವಳೇ ಟೋಪಿಯನ್ನು ಮೇಜಿನ ಮೇಲೆ ಎಸೆದಳು. ಅಪ್ಪ ಕಾಯೆತಾನ್ ಎಂದಿನಂತೆ ಕೋಟು ತೊಟ್ಟುಕೊಂಡೇ ಕುಳಿತಿದ್ದ.

"ಈ ಊರು ಕಲಿತು ಏನಾಗಬೇಕಾಗಿದೆ ನಿಂಗೆ? ಹಿಮ ಬೀಳೋದ್ರೊಳಗೆ ನಾವು ವಾಪಸ್ ಹೋಗ್ತೀವಿ."

"ನೀನು ಹೋಗಪ್ಪ. ನಾನು ನಾಳೆ ಬೆಳಿಗ್ಗೆ ಟ್ರಾಮ್ ಹತ್ತಬೇಕು."

ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಒಟೀಲಿಯೆ ಇದ್ದಳು. ಮನೆ ಅವಳದೇ, ಈಗ ಟೆಕ್ಲಾಳಿಗೂ ಅಪ್ಪನಿಗೂ ಸರ್ಕಾರ ಕೊಟ್ಟಿತ್ತು. ನಾಟಕಶಾಲೆಯಲ್ಲಿ ಗಾಯಕರಿಗೆ ಬಟ್ಟೆ ಹೊಲಿಯುತ್ತಿದ್ದ ಆ ಜರ್ಮನ್ ಮುದುಕಿ ಈಗ ಊರಲ್ಲುಳಿದ ಜರ್ಮನ್ನರೆಲ್ಲ ಕಟ್ಟಿಕೊಳ್ಳಬೇಕಾಗಿದ್ದ ಬಿಳಿ ಬಟ್ಟೆಯನ್ನು ತೋಳಿಗೆ ಕಟ್ಟಿಕೊಂಡು, ತನ್ನನ್ನು ಗಡಿಯಾಚೆ ಕಳಿಸುವ ದಿನಕ್ಕೆ ಕಾಯುತ್ತಿದ್ದಳು. ಎರಡು ತಿಂಗಳಲ್ಲಿ ಇಬ್ಬರ ನಡುವೆ ಉಪ್ಪು, ಬೀಗದ ಕೈ, ಬೆಂಕಿ ಇಷ್ಟರ ಮಾತೇ ಆಗಿದ್ದು. ಟೆಕ್ಲಾ ಅಪ್ಪನಿಂದ ಕಲಿತ ಹರಕುಮುರುಕು ಜರ್ಮನ್ನಿನಲ್ಲಿ ಕೇಳಿದಳು: "ನನಗೆ ಈ ಊರು ತೋರಿಸ್ತೀರಾ?"

ಮುದುಕಿ ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಲಿಲ್ಲ. "ಮನೆ ತಗೊಂಡ್ರಿ. ಪಾತ್ರೆ ತಗೊಂಡ್ರಿ. ಈಗ ಊರಿನ ಕಥೇನೂ ಬೇಕಾ?"

"ಮನೇನ ನಾನು ಕೇಳಿ ತಗೊಂಡಿಲ್ಲ, ಕೊಟ್ರು. ಕಥೇನ ಕೇಳಿ ತಗೋತಿದ್ದೀನಿ."

ಒಟೀಲಿಯೆ ತಲೆಯೆತ್ತಿ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. ಬಟ್ಟೆ ಹೊಲಿಸಲು ಬಂದವರ ಅಳತೆಯನ್ನು ಕಣ್ಣಲ್ಲೇ ತೆಗೆಯುವ ನೋಟ ಅದು.

"ಭಾನುವಾರ," ಎಂದಳು. "ಒಳ್ಳೆ ಬೂಟು ಹಾಕ್ಕೊಳ್ಳಿ. ಗಾಜಿನ ಚೂರು ಜಾಸ್ತಿ."

ಹಾಗೆ ಶುರುವಾಯಿತು. ಮುದುಕಿ ಒಂದು ಹೆಜ್ಜೆ ಮುಂದೆ, ಟೆಕ್ಲಾ ಹಿಂದೆ. ಬೀದಿಯಲ್ಲಿ ಜರ್ಮನ್ ಆಡುವುದು ಅಪಾಯವಾದ್ದರಿಂದ ಒಟೀಲಿಯೆ ತುಟಿ ಅಲುಗಿಸದೆ, ಹಲ್ಲಿನ ಸಂದಿಯಲ್ಲೇ ಮಾತಾಡುತ್ತಿದ್ದಳು. ಪುರಭವನದ ನೆಲಮಾಳಿಗೆಯ ಬಾಗಿಲಿನ ಮೇಲೆ ಕಲ್ಲಿನ ಗೊಂಬೆಗಳಿದ್ದವು: ಕುಡಿದು ತೂರಾಡುವ ಗಂಡ, ಕೈಯಲ್ಲಿ ಚಪ್ಪಲಿ ಎತ್ತಿ ನಿಂತ ಹೆಂಡತಿ. ಬಾಂಬಿನ ಮಳೆಯಲ್ಲೂ ಆ ಚಪ್ಪಲಿ ಕೆಳಗಿಳಿದಿರಲಿಲ್ಲ. ಟೆಕ್ಲಾ ಈ ಊರಿಗೆ ಬಂದ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕಳು.

ಅವಳಿ ಗೋಪುರದ ಇಗರ್ಜಿಯ ಮುಂದೆ ಒಟೀಲಿಯೆ ನಿಂತಳು. ಗೋಪುರಗಳ ನಡುವೆ ಅಷ್ಟೆತ್ತರದಲ್ಲಿ ಒಂದು ಕಾಲುಸೇತುವೆ ಇತ್ತಂತೆ. ಮದುವೆ ಬೇಡ, ಕುಣಿತವೇ ಸಾಕು ಅಂದ ಹುಡುಗಿಯರು ಸತ್ತ ಮೇಲೆ ಅದನ್ನು ಗುಡಿಸುತ್ತಿರಬೇಕೆಂದು ಶಾಪವಂತೆ.

"ಸೇತುವೇನೇ ಬಿದ್ದುಹೋಯ್ತು. ಪಾಪ, ಈಗ ಎಲ್ಲಿ ಗುಡಿಸ್ತಾರೋ."

"ಇಡೀ ಊರೇ ಇದೆಯಲ್ಲ ಗುಡಿಸೋಕೆ," ಎಂದಳು ಟೆಕ್ಲಾ. ಮುದುಕಿಯ ತುಟಿಯಂಚು ಸ್ವಲ್ಪ ಅಲುಗಿತು.

ಇನ್ನೊಂದು ಭಾನುವಾರ ಹೊಳೆಯಾಚೆ ಹೋದರು. ಒಂದಿಡೀ ಬೀದಿ ಬೋಳು ಬಯಲಾಗಿತ್ತು. ವಿಮಾನ ಇಳಿಸಲಿಕ್ಕೆಂದು ಜರ್ಮನ್ ಸೈನ್ಯವೇ ಸಾಲುಮನೆಗಳನ್ನು ಉರುಳಿಸಿತ್ತು. "ನನ್ನ ತಂಗಿ ಮನೆ ಅಲ್ಲಿತ್ತು," ಎಂದು ಒಟೀಲಿಯೆ ಗಾಳಿಯಲ್ಲಿ ಮೂರನೆಯ ಮಹಡಿಯ ಎತ್ತರಕ್ಕೆ ಬೆರಳು ತೋರಿಸಿದಳು. "ರಷ್ಯದವರ ಬಾಂಬಲ್ಲ. ನಮ್ಮವರೇ."

ಇಷ್ಟೆಲ್ಲ ತೋರಿಸಿದವಳು ಒಂದು ಕಡೆ ಮಾತ್ರ ಪ್ರತಿ ಸಲವೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ನಾಟಕಶಾಲೆಯಿಂದ ಅನತಿ ದೂರದಲ್ಲಿ, ಹಳೆಯ ಕೋಟೆಯ ಕಂದಕದ ಪಕ್ಕ, ಒಂದು ಖಾಲಿ ನಿವೇಶನ. ಮೂರನೆಯ ಸಲ ಟೆಕ್ಲಾ ದಾಟದೆ ಅಲ್ಲೇ ನಿಂತಳು.

"ಇಲ್ಲೇನಿತ್ತು?"

"ಏನಿಲ್ಲ. ಹಾಳು. ಊರೆಲ್ಲ ಹಾಳೇ ಅಲ್ವಾ?"

ಟೆಕ್ಲಾ ಒಳಗೆ ಹೋಗಿ ನೋಡಿದಳು. ಊರಿನ ಬೇರೆ ಹಾಳುಗಳಲ್ಲಿ ಇಟ್ಟಿಗೆಯ ಅಂಚು ಇನ್ನೂ ಹಸಿಗಾಯದಂತೆ ಕೆಂಪಗಿತ್ತು, ಸುಣ್ಣದ ವಾಸನೆ ಹೋಗಿರಲಿಲ್ಲ. ಇಲ್ಲಿ ಕಲ್ಲಿಗೆ ಪಾಚಿ ಹತ್ತಿತ್ತು. ಹುಲ್ಲು ಮೊಳಕಾಲುದ್ದ. ಅವಳಿಗಿಂತ ಎತ್ತರದ ಬರ್ಚ್ ಗಿಡಗಳು.

"ಈ ಗಿಡ ಒಂದು ವರ್ಷದ್ದಲ್ಲ. ಇದು ಯುದ್ಧಕ್ಕಿಂತ ಹಳೇ ಹಾಳು."

"ನಡೀರಿ ಹೋಗೋಣ. ಯಾರಾದ್ರೂ ನೋಡ್ತಾರೆ."

"ನೋಡ್ಲಿ. ಚಪ್ಪಲಿ ಎತ್ತಿದ ಹೆಂಗಸನ್ನ ತೋರಿಸಿದ್ರಿ, ಕುಣಿಯೋ ಹುಡುಗೀರ ಕಥೆ ಹೇಳಿದ್ರಿ. ಇದನ್ನ ಹೇಳದೆ ಇದ್ರೆ ಅವೂ ಬೇಡ ನನಗೆ. ಅರ್ಧ ಊರು ತಗೊಂಡು ನಾನೇನು ಮಾಡ್ಲಿ?"

ಬೀದಿ ಖಾಲಿಯಿತ್ತು. ಒಟೀಲಿಯೆ ರಸ್ತೆಯಾಚೆಯಿಂದಲೇ, ಕಂದಕದ ನೀರನ್ನು ನೋಡುತ್ತ ಹೇಳಿದಳು. "ಯಹೂದಿಗಳ ಮಂದಿರ ಇತ್ತು. ದೊಡ್ಡ ಗುಮ್ಮಟ, ಎಲ್ಲಿಂದ ನೋಡಿದ್ರೂ ಕಾಣೋದು. ಸುಟ್ಟರು. ಎಂಟು ವರ್ಷ ಆಯ್ತು."

"ಯಾರು?"

"ಸುಟ್ಟರು ಅಂದ್ನಲ್ಲ," ಎಂದು ಮುದುಕಿ ಹೊರಟೇಬಿಟ್ಟಳು.

ಟೆಕ್ಲಾ ಅಲ್ಲೇ ಬಹಳ ಹೊತ್ತು ನಿಂತಿದ್ದಳು. ಲ್ವೂಫಿನಲ್ಲಿ ಅವರ ಕೆಳಮಹಡಿಯಲ್ಲಿ ಗಡಿಯಾರ ರಿಪೇರಿಯ ಯಹೂದಿ ಕುಟುಂಬವಿತ್ತು, ಐದು ಜನ. ಅವರನ್ನು ಜರ್ಮನ್ನರು ಒಯ್ದ ಮೇಲೆ ಆ ಮನೆಗೆ ಬೇರೆಯವರು ಬಂದರು. ಮೊದಲು ಯಾರಿದ್ದರೆಂದು ಕೇಳಿದರೆ, "ಗೊತ್ತಿಲ್ಲ" ಎನ್ನುತ್ತಿದ್ದರು. ಈಗ ಟೆಕ್ಲಾಳ ಮನೆಯಲ್ಲೂ ಯಾರೋ ಇದ್ದಾರೆ, ಅವರೂ ಹಾಗೆಯೇ ಅನ್ನುತ್ತಿರಬಹುದು.

ಮಾರನೆಯ ದಿನದಿಂದ ಅವಳು ನಿಲ್ದಾಣದ ಹೆಸರಿನ ಜೊತೆಗೆ ಒಂದೊಂದು ಮಾತು ಸೇರಿಸತೊಡಗಿದಳು. ಇಲ್ಲಿ ಕುಣಿಯೋ ಹುಡುಗೀರು. ಇಲ್ಲಿ ಚಪ್ಪಲಿ ಏಟು. ಇಲ್ಲಿ ಯಹೂದಿಗಳ ಮಂದಿರ ಇತ್ತು, ಸುಟ್ಟರು. ಜನ ಕಿಟಕಿಯ ಕಡೆ ಬಗ್ಗಿ ನೋಡುತ್ತಿದ್ದರು. ಮೇಲ್ವಿಚಾರಕ ಸ್ಕಿಬಾ ಅವಳನ್ನು ಕರೆಸಿದ. ಅವನೂ ಲ್ವೂಫಿನವನೇ, ಕೆಟ್ಟವನಲ್ಲ.

"ಟೆಕ್ಲಾ, ಹೊಸ ಹೆಸರು ಹೇಳು, ಟಿಕೆಟ್ ಹರಿ. ಇದು ಸಾವಿರ ವರ್ಷದಿಂದ ನಮ್ಮದೇ ಊರು ಅಂತ ಮೇಲಿನವರು ಹೇಳ್ತಿದ್ದಾರೆ. ಮಧ್ಯದ್ದೆಲ್ಲ ನಿಂಗ್ಯಾಕೆ?"

"ಮಧ್ಯದಲ್ಲೇ ಅಲ್ವಾ ಸ್ಕಿಬಾ ಅವರೇ, ಜನ ಬದುಕಿದ್ದು?"

"ಕೆಲಸ ಹೋಗುತ್ತೆ ಕಣಮ್ಮ."

"ಹೋದ್ರೆ ನಡೀತೀನಿ. ಕಾಲಿದೆ, ದಾರೀನೂ ಗೊತ್ತಾಗಿದೆ."

ಜುಲೈಯಲ್ಲಿ ಒಟೀಲಿಯೆಗೆ ಅಪ್ಪಣೆ ಬಂತು. ಕೈಯಲ್ಲಿ ಹೊರುವಷ್ಟು ಮಾತ್ರ ತರಬೇಕು, ಬೆಳಿಗ್ಗೆ ರೈಲು ನಿಲ್ದಾಣದಲ್ಲಿ ಇರಬೇಕು. ಮುದುಕಿ ನಡೆದೇ ಹೋಗುತ್ತೇನೆಂದಳು. "ನನ್ನ ಟ್ರಾಮ್ ಆ ಕಡೆಗೇ ಹೋಗೋದು," ಎಂದು ಟೆಕ್ಲಾ ಗಂಟನ್ನು ಕಿತ್ತುಕೊಂಡು, ಅವಳನ್ನು ಕಿಟಕಿಯ ಪಕ್ಕ ಕೂರಿಸಿದಳು.

"ಅಯ್ಯ, ಈಕಿಗೆ ಕುಂದ್ರಾಕ ಜಾಗಾ ಬ್ಯಾರೆ ಕೇಡು!" ಬಾಗಿಲ ಬಳಿ ನಿಂತಿದ್ದ ಹೆಂಗಸು ಬಿಳಿ ಬಟ್ಟೆ ಕಂಡು ಕೂಗಿದಳು. ಪೂರ್ವದ ಹಳ್ಳಿಯಿಂದ ಬಂದಿದ್ದ ಪೆಲಾಗ್ಯಾ ಅವಳು, ಬಾಯಿ ಜೋರು. "ನನ್ನ ಗಂಡನ್ನ ತಿಂದ ಮಂದಿ ಇವರು. ಎಬ್ಬಸ ಆಕಿನ್ನ!"

"ಟಿಕೆಟ್ ತಗೊಂಡಿದ್ದಾರೆ, ಕೂತಿದ್ದಾರೆ. ನೀವೂ ತಗೊಳ್ಳಿ, ಅಲ್ಲಿ ಜಾಗ ಇದೆ."

ಗಂಟೆ ಹೊಡೆದಳು. ಸೇತುವೆ ಬಂತು. ಟೆಕ್ಲಾ ಎಂದಿಗಿಂತ ಜೋರಾಗಿ ಹೊಸ ಹೆಸರು ಹೇಳಿದಳು. ಉಸಿರೆಳೆದು, ಹಳೆಯ ಜರ್ಮನ್ ಹೆಸರನ್ನೂ ಹೇಳಿದಳು. ಜನ ತಿರುಗಿ ಅವಳನ್ನು ನೋಡಿದರು. ಮುಂದಿನ ನಿಲ್ದಾಣಕ್ಕೂ ಎರಡು ಹೆಸರು. ಪುರಭವನದ ಬಳಿ ಹತ್ತಿದ ಸ್ಕಿಬಾ ಬಾಗಿಲಲ್ಲೇ ಬೆಪ್ಪಾಗಿ ನಿಂತ.

"ಟೆಕ್ಲಾ! ಸಾಕು!"

ಅವಳು ನಾಟಕಶಾಲೆಯ ಎರಡು ಹೆಸರೂ ಹೇಳಿದಳು. ಒಟೀಲಿಯೆ ಹಣೆಯನ್ನು ಗಾಜಿಗೆ ಒತ್ತಿ ಕುಳಿತಿದ್ದಳು. ಒಂದೊಂದು ಹೆಸರಿಗೂ ಅವಳ ತುಟಿ ಅಲುಗುತ್ತಿತ್ತು.

ಕಂದಕದ ಪಕ್ಕ ನಿಲ್ದಾಣವಿರಲಿಲ್ಲ. ಟೆಕ್ಲಾ ಗಂಟೆಯ ಹಗ್ಗ ಜಗ್ಗಿದಳು. ಟ್ರಾಮು ಕಿರುಗುಟ್ಟಿ ನಿಂತಿತು.

"ಯಹೂದಿಗಳ ಮಂದಿರ," ಎಂದಳು. ಅದಕ್ಕೆ ಹೊಸ ಹೆಸರೂ ಇರಲಿಲ್ಲ, ಹಳೆಯ ಹೆಸರು ಅವಳಿಗೆ ಗೊತ್ತಿರಲಿಲ್ಲ. ಮುದುಕಿಯ ಕಡೆ ನೋಡಿದಳು. "ಸುಟ್ಟರು," ಎಂದು ಹೇಳಿ ಕಾದಳು.

"ಹೊರಡಿಸು, ಟೆಕ್ಲಾ," ಎಂದ ಸ್ಕಿಬಾ. ಅವನ ದನಿ ಬಹಳ ಸಣ್ಣದಾಗಿತ್ತು.

"ಇಲ್ಲ."

ಒಟೀಲಿಯೆ ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಂತಳು. ಮೊದಲ ಬಾರಿಗೆ ಆ ಖಾಲಿ ಜಾಗವನ್ನು ನೇರವಾಗಿ ನೋಡಿದಳು. ಆಮೇಲೆ ತುಂಬಿದ ಟ್ರಾಮಿನಲ್ಲಿ, ಎಲ್ಲರಿಗೂ ಕೇಳುವಂತೆ, ಜರ್ಮನ್ನಿನಲ್ಲೇ ಹೇಳಿದಳು: "ಸುಟ್ಟೆವು. ನಾನು ಆ ಮೂಲೇಲಿ ನಿಂತು ನೋಡಿದೆ. ನೋಡಿ ಕೆಲಸಕ್ಕೆ ಹೋದೆ."

"ಏನಂದ್ಳು? ಏನಂದ್ಳಾಕಿ?" ಎಂದು ಪೆಲಾಗ್ಯಾ ಪಕ್ಕದವರನ್ನು ಕೇಳಿದಳು. ಟೆಕ್ಲಾ ಹೇಳಿದಳು, ಒಂದಕ್ಷರ ಬಿಡದೆ. ಆಮೇಲೆ ಗಂಟೆ ಹೊಡೆದಳು.

ರೈಲು ನಿಲ್ದಾಣದಲ್ಲಿ ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಒಟೀಲಿಯೆ ಟೆಕ್ಲಾಳ ಕೋಟಿನ ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಯಾರು ಹೊಲಿದಿದ್ದು ಇದನ್ನ? ಬಿಚ್ಚಿ ಹೊಲೀಬೇಕು," ಎಂದು, ಗಂಟು ತೆಗೆದುಕೊಂಡು ಸಾಲಿನಲ್ಲಿ ನಿಂತಳು.

ಮರುದಿನ ಟೆಕ್ಲಾಳನ್ನು ಟ್ರಾಮು ತೊಳೆಯುವ ಶೆಡ್ಡಿಗೆ ಹಾಕಿದರು. ಕೆಲಸ ಉಳಿಸಿದ್ದೇ ದೊಡ್ಡದೆಂದು ಸ್ಕಿಬಾ ಬೇರೆ ಕಡೆ ನೋಡುತ್ತ ಹೇಳಿದ. ಅವಳು ತಲೆ ತಗ್ಗಿಸಲಿಲ್ಲ, ತಪ್ಪಾಯಿತೆನ್ನಲೂ ಇಲ್ಲ. ದಿನವಿಡೀ ಗಾಜು ತೊಳೆದು, ಸಂಜೆ ನಡೆದುಕೊಂಡೇ ಮನೆಗೆ ಹೋಗುತ್ತಿದ್ದಳು. ದಾರಿಯಲ್ಲಿ ಯಾರಾದರೂ ದಿಕ್ಕು ತಪ್ಪಿ ನಿಂತಿದ್ದರೆ ದಾರಿಯನ್ನೂ ಹೇಳುತ್ತಿದ್ದಳು, ಕಥೆಯನ್ನೂ ಹೇಳುತ್ತಿದ್ದಳು.

ಆಗಸ್ಟಿನ ಒಂದು ಸಂಜೆ ಕಂದಕದ ಪಕ್ಕ ಬರುತ್ತಿದ್ದಾಗ ಪೆಲಾಗ್ಯಾ ಕಂಡಳು. ಬರ್ಚ್ ಗಿಡಕ್ಕೆ ಕಟ್ಟಿದ್ದ ತನ್ನ ಮೇಕೆಯ ಹಗ್ಗ ಬಿಚ್ಚಿ, ಅದನ್ನು ದರದರ ಎಳೆದುಕೊಂಡು ರಸ್ತೆ ದಾಟುತ್ತಿದ್ದಳು. ಟೆಕ್ಲಾಳನ್ನು ನೋಡಿ ಮುಖ ಗಂಟಿಕ್ಕಿದಳು.

"ಏನ್ ನೋಡ್ತಿ? ಇಷ್ಟ್ ದಿನ ಹುಲ್ಲು ಭೇಷ್ ಐತಿ ಅಂತ ಇಲ್ಲೇ ಮೇಯಸ್ತಿದ್ದೆ. ನನಗೇನ್ ಗೊತ್ತಿತ್ತು?"

ಮೇಕೆಯನ್ನು ಆಚೆ ಬದಿಯ ದೀಪದ ಕಂಬಕ್ಕೆ ಬಿಗಿದಳು. ಅಲ್ಲಿ ಬರೀ ಧೂಳು, ಇಟ್ಟಿಗೆ ಪುಡಿ. ಮೇಕೆ ಹಗ್ಗ ಜಗ್ಗಿ ಈಚೆ ಬದಿಯ ಹಸಿರನ್ನು ನೋಡಿ ಅರಚಿತು. ಪೆಲಾಗ್ಯಾ ಅದರ ಪಕ್ಕದಲ್ಲೇ ಕಲ್ಲಿನ ಮೇಲೆ ಕುಳಿತು, ಮಡಿಲಿನಿಂದ ಬ್ರೆಡ್ಡಿನ ತುಂಡು ತೆಗೆದು ಅದರ ಬಾಯಿಗೆ ಹಿಡಿದಳು.