ದಯಾನಂದನ ಹೆಸರು ಎರಡು ಕಡೆ

ಎರಡು ಕಡೆ ಹೆಸರಿದ್ದರೆ ಎರಡೂ ಕಡೆ ಹೋಗುತ್ತದೆ. ಬಬ್ಬೂರಿನ ಪಕ್ಕದ ಆ ಹಟ್ಟಿಯವರು ಇದನ್ನು ಯಾರೋ ಹೇಳಿ ತಿಳಿದವರಲ್ಲ, ಪಾಡು ಪಟ್ಟು ತಿಳಿದವರು. ಗಂಗಕ್ಕನ ಹೆಸರು ತವರಿನ ರೇಷನ್ ಕಾರ್ಡಿನಲ್ಲೂ ಇತ್ತು, ಗಂಡನ ಮನೆಯ ಕಾರ್ಡಿನಲ್ಲೂ ಇತ್ತು. ಒಂದು ದಿನ ಹೋಗಿ ಹೆಬ್ಬೆಟ್ಟು ಒತ್ತಿದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಅದನ್ನು ಸರಿಮಾಡಿಸಲು ಅಲೆದು ಅಲೆದು ಅವಳ ಚಪ್ಪಲಿ ಸವೆದವು. ಅಂದಿನಿಂದ ಹಟ್ಟಿಯಲ್ಲಿ ಯಾರು ಯಾವುದಕ್ಕೆ ಅರ್ಜಿ ಹಾಕಿದರೂ ಮೊದಲು ಕೇಳುವುದು ಒಂದೇ ಮಾತು: ಇನ್ನೊಂದು ಕಡೆ ಹೆಸರೇನಾದರೂ ಐತಾ?

ಹೀಗಿರುವಾಗ ಬೋರಕ್ಕನಿಗೆ ಮಗನ ಫೋನ್ ಬಂತು.

ಬೋರಕ್ಕ ಬಬ್ಬೂರಿನ ಕೃಷಿ ಫಾರಂನಲ್ಲಿ ಕೂಲಿ ಮಾಡುವವಳು. ಗಂಡ ಜುಂಜಣ್ಣ ಕುರಿ ಕಾಯುತ್ತಾನೆ. ಒಬ್ಬನೇ ಮಗ ದಯಾನಂದ ಪಿಯುಸಿ ಮುಗಿಸಿ ಅಗ್ನಿವೀರನಾಗಿ ಸೈನ್ಯ ಸೇರಿ ಮೂರನೆಯ ವರ್ಷ ನಡೆಯುತ್ತಿತ್ತು. ಉತ್ತರದಲ್ಲಿ ಯಾವುದೋ ಬೆಟ್ಟದ ಮೇಲಿದ್ದಾನೆ ಎಂಬುದಷ್ಟೇ ಅವಳಿಗೆ ಗೊತ್ತು. ಅಲ್ಲಿ ಸಿಗ್ನಲ್ ಇದ್ದಾಗ ಫೋನ್ ಬರುತ್ತದೆ, ಇಲ್ಲದಾಗ ಇಲ್ಲ. ಅಂದು ಕಳೆ ಕಿತ್ತು, ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಮುದ್ದೆ ಮುರಿಯುವ ಹೊತ್ತಿಗೆ ಬಂತು. ಮಗ ಒಂದೇ ಉಸಿರಿಗೆ ಹೇಳಿದ. ಕಾಲೇಜಿಗೆ ಸೇರುತ್ತಿದ್ದೇನೆ, ಪಿಯುಸಿ ಮಾರ್ಕ್ಸ್ ಕಾರ್ಡು ಬೇಕು, ಲೈಬ್ರರಿ ಆಶಕ್ಕನ ಹತ್ತಿರ ಕೊಟ್ಟು ಸ್ಕ್ಯಾನ್ ಮಾಡಿಸಿ ಕಳಿಸು, ಶನಿವಾರ ಕಡೆಯ ದಿನ. ಅವಳು ಯಾವ ಕಾಲೇಜು ಎಂದು ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು.

ಮುದ್ದೆ ಕೈಯಲ್ಲೇ ಉಳಿಯಿತು. ಸೈನ್ಯದಲ್ಲಿ ಇರುವವನು ಕಾಲೇಜಿಗೆ ಹೇಗೆ ಹೋಗುತ್ತಾನೆ? ಒಂದು ಹೆಗಲಿಗೆ ಬಂದೂಕು, ಇನ್ನೊಂದಕ್ಕೆ ಬ್ಯಾಗೇ? ಹಾಗಾದರೆ ಸೈನ್ಯ ಬಿಟ್ಟನೇ? ಇಲ್ಲ, ಅವರೇ ಕಳಿಸಿಬಿಟ್ಟರೇ? ಕಳಿಸಿಬಿಟ್ಟಿದ್ದರೆ ಹುಡುಗನ ದನಿ ಅಷ್ಟು ಗೆಲುವಾಗಿ ಯಾಕಿತ್ತು? ತಿರುಗಿ ಫೋನ್ ಮಾಡಿದರೆ ಯಾವಳೋ ಹಿಂದಿಯಲ್ಲಿ ಏನೋ ಹೇಳಿದಳು. ಬೋರಕ್ಕ ಆ ಮಧ್ಯಾಹ್ನ ಕಳೆಯ ಜೊತೆ ಎರಡು ಬೆಳೆಯ ಸಸಿಯನ್ನೂ ಕಿತ್ತು ಮೇಸ್ತ್ರಿಯಿಂದ ಬೈಸಿಕೊಂಡಳು.

ಸಂಜೆ ಮೈದುನ ನಾಗರಾಜನನ್ನು ಕೇಳಿದಳು. ಅವನು ಲಗೇಜ್ ಆಟೋ ಓಡಿಸುತ್ತಾನೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ತಿರುಗಿದವನು, ಆದ್ದರಿಂದ ಅವನಿಗೆ ಎಲ್ಲ ಗೊತ್ತು ಎಂದು ಹಟ್ಟಿಯ ಲೆಕ್ಕ. ಅವನು ಗಡ್ಡ ಕೆರೆದುಕೊಂಡು ಹೇಳಿದ:

"ಅತ್ತಿಗೆ, ಮಿಲ್ಟ್ರಿ ಪಟ್ಟಿಲಿ ಹೆಸರೈತೆ. ಈಗ ಕಾಲೇಜಿನ ಪಟ್ಟಿಗೂ ಹೆಸರು ಕೊಟ್ರೆ ಏನಾಗ್ತೈತೆ? ಗಂಗಕ್ಕಂದು ಏನಾಯ್ತು?"

ಅದಕ್ಕೆ ಉತ್ತರ ಬೇಕಿರಲಿಲ್ಲ. ಡಿಗ್ರಿಯೇ ಬೇಕಾದರೆ ತನಗೆ ಗೊತ್ತಿರುವ ಒಬ್ಬನಿದ್ದಾನೆ, ಹೆಸರೂ ಬರೆಸಬೇಕಿಲ್ಲ, ಪರೀಕ್ಷೆಯೂ ಬೇಡ, ಸರ್ಟಿಫಿಕೇಟ್ ಮನೆಗೇ ತಂದುಕೊಡುತ್ತಾನೆ ಎಂದೂ ನಾಗರಾಜ ಸೇರಿಸಿದ. ಬೋರಕ್ಕ ಅದಕ್ಕೆ ಕಿವಿಗೊಡಲಿಲ್ಲ. ಅವಳು ಮನೆಗೆ ಬಂದು, ಟ್ರಂಕಿನಿಂದ ಮಾರ್ಕ್ಸ್ ಕಾರ್ಡು ತೆಗೆದು, ಪ್ಲಾಸ್ಟಿಕ್ ಕವರಿನ ಸಮೇತ ಮೂಲೆಯಲ್ಲಿದ್ದ ಕಂಬಳಿಯ ಮಡಿಕೆಯೊಳಗೆ ಇಟ್ಟುಬಿಟ್ಟಳು.

ಗುರುವಾರ ಮಗ ಮತ್ತೆ ಫೋನ್ ಮಾಡಿದ. ಅವಳು ಏನೇನೋ ಕೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಇಷ್ಟೇ: "ಕಾರ್ಡು ಸಿಗ್ತಾ ಇಲ್ಲ ಕಣಪ್ಪ."

 "ಹೋಗ್ಲಿ ಬಿಡವ್ವ, ನೋಡಾಣ" ಎಂದ ಮಗ.

ಅವನು ಸಿಟ್ಟು ಮಾಡಿದ್ದರೆ ಅವಳಿಗೆ ನಿದ್ದೆಯಾದರೂ ಬರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಆಶಾರಾಣಿ ಮನೆಗೇ ಬಂದಳು. ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಮನೆಯಲ್ಲೇ ಕೂತು, ದೂರ ಶಿಕ್ಷಣದಲ್ಲಿ ಬಿ.ಎ. ಮಾಡಿದವಳು. ಸೈನ್ಯದ ಪರೀಕ್ಷೆಗೆ ಓದುವಾಗ ದಯಾನಂದ ಅವಳ ಲೈಬ್ರರಿಯಲ್ಲೇ ಬೀಡು ಬಿಟ್ಟಿದ್ದ. ಅವನೇ ಫೋನ್ ಮಾಡಿ, ಅವ್ವನಿಗೆ ಕಾರ್ಡು ಹುಡುಕಿಕೊಡಿ ಎಂದಿದ್ದನಂತೆ.

ಆಶಾರಾಣಿ ಟ್ರಂಕು ಬರಿದು ಮಾಡಿದಳು. ಗೂಡು ನೋಡಿದಳು. ಅಟ್ಟ ನೋಡಿದಳು. ಬೋರಕ್ಕ ತಾನೂ ಹುಡುಕುವವಳಂತೆ ಡಬ್ಬಗಳ ಮುಚ್ಚಳ ತೆಗೆಯುತ್ತಾ ಹಾಕುತ್ತಾ, ಆಶಾರಾಣಿ ಈ ಮೂಲೆಗೆ ಬಂದರೆ ಕಂಬಳಿಯನ್ನು ಆ ಮೂಲೆಗೆ, ಆ ಮೂಲೆಗೆ ಹೋದರೆ ಈ ಮೂಲೆಗೆ ಸಾಗಿಸುತ್ತಿದ್ದಳು. ಅಷ್ಟರಲ್ಲಿ, ಕುರಿಯನ್ನು ಅಕ್ಕನ ಮಗನಿಗೊಪ್ಪಿಸಿ ಊಟಕ್ಕೆಂದು ಬಂದ ಜುಂಜಣ್ಣ, ಕೈಕಾಲು ತೊಳೆದು ಸೀದಾ ಅದೇ ಕಂಬಳಿಯ ಮೇಲೆ ಕುಳಿತ.

"ಲೇ, ಕಂಬಳಿ ಯಾಕೆ ಗರಗರ ಅಂತೈತೆ?"

 ಬೋರಕ್ಕ ಗೋಡೆಗೆ ಒರಗಿ ಕುಳಿತುಬಿಟ್ಟಳು.

"ನಾನೇ ಇಟ್ಟಿದ್ದು," ಎಂದಳು. "ಎರಡು ಕಡೆ ಹೆಸರಾದ್ರೆ ಇರೋ ಕೆಲ್ಸನೂ ಹೋಗ್ತೈತೆ ಅಂತ ನಾಗರಾಜ ಅಂದ. ಗಂಗಕ್ಕಂದು ನೋಡಿಲ್ವಾ ನೀವು?"

ಆಶಾರಾಣಿಗೆ ನಗು ಬಂದಿರಬಹುದು, ನಗಲಿಲ್ಲ. ಅವಳೂ ಕೆಳಗೆ ಕುಳಿತಳು.

"ಬೋರಕ್ಕ, ರೇಷನ್ ಅಂದ್ರೆ ಪಾಲು. ಒಬ್ರೇ ಎರಡು ಪಾಲು ತಗಂಡ್ರೆ ಇನ್ನೊಬ್ರಿಗೆ ಇಲ್ಲ. ಅದಕ್ಕೆ ಕಿತ್ತಾಕ್ತಾರೆ. ಓದು ಯಾರ ಪಾಲು? ದಯ ಓದಿದ್ರೆ ಯಾರ ಮನೆ ಅಕ್ಕಿ ಕಮ್ಮಿ ಆಗ್ತೈತೆ?"

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ನಾಗರಾಜ ಹೇಳಿದ್ದು ಪೂರ್ತಿ ಸುಳ್ಳಲ್ಲ. ದಿನಾ ಹಾಜರಿ ಕೂಗುವ ಕಾಲೇಜಿಗೆ ಸೇರಿ, ಅಲ್ಲಿ ಸುಳ್ಳು ಹಾಜರಿ ಹಾಕಿಸಿಕೊಂಡು, ಇಲ್ಲಿ ಡ್ಯೂಟಿ ಮಾಡಿದರೆ ಅದು ಮೋಸವೇ. ಪರೀಕ್ಷೆ ಬರೆಯದೆ ಬರುವ ಸರ್ಟಿಫಿಕೇಟಂತೂ ಕೈಗೆ ಬೇಡಿ ತೊಡಿಸುವ ಕಾಗದ. ದಯಾನಂದ ಸೇರುತ್ತಿರುವುದು ಮುಕ್ತ ವಿಶ್ವವಿದ್ಯಾಲಯಕ್ಕೆ. ಅಲ್ಲಿ ದಿನದ ತರಗತಿ ಇಲ್ಲ. ಪುಸ್ತಕ ಅಂಚೆಯಲ್ಲೂ ಬರುತ್ತದೆ, ಮೊಬೈಲಿಗೂ ಬರುತ್ತದೆ. ಡ್ಯೂಟಿ ಮುಗಿದ ಮೇಲೆ ಓದಬೇಕು, ಕೇಳಿದ ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕು, ಪರೀಕ್ಷೆಯ ದಿನ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅದಕ್ಕೆ ಮೇಲಿನ ಅಧಿಕಾರಿಯ ಲಿಖಿತ ಒಪ್ಪಿಗೆ ಬೇಕು, ಅದನ್ನು ಅವನು ಆಗಲೇ ತೆಗೆದುಕೊಂಡಿದ್ದಾನೆ. ಕದ್ದುಮುಚ್ಚಿ ಮಾಡುವ ಕೆಲಸವೇ ಅಲ್ಲ ಇದು. ಇನ್ನೊಂದು ಅನುಕೂಲ, ಸೈನ್ಯದ ತರಬೇತಿಯಲ್ಲಿ ಕಲಿತದ್ದನ್ನೂ ಅಗ್ನಿವೀರರ ಡಿಗ್ರಿಯ ಲೆಕ್ಕಕ್ಕೆ ಹಿಡಿಯುತ್ತಾರೆ.

ಇಲ್ಲಿ ಬೋರಕ್ಕ ಮತ್ತೆ ದಾರಿ ತಪ್ಪಿದಳು. "ಓಡಿದ್ದಕ್ಕೂ ಮಾರ್ಕ್ಸು ಕೊಡ್ತಾರಾ?"

"ಓಡಿದ್ದಕ್ಕಲ್ಲಕ್ಕ. ಅವನು ಅಲ್ಲಿ ಗಾಡಿ ರಿಪೇರಿ ಕಲ್ತಿದಾನಲ್ಲ, ಅಂಥದ್ದಕ್ಕೆ."

"ಗಾಡಿ ರಿಪೇರಿಗೆ ಬಿ.ಎ.ನಾ?"

ಜುಂಜಣ್ಣ ಅಷ್ಟು ಹೊತ್ತು ಕಂಬಳಿಯ ಅಂಚು ಸವರುತ್ತಾ ಕೇಳುತ್ತಿದ್ದ. ಅವನಿಗೆ ಮಾರ್ಕ್ಸಿನ ಲೆಕ್ಕ ಅವಳಿಗಾದಷ್ಟೂ ಅರ್ಥವಾಗಿರಲಿಲ್ಲ, ಆದರೆ ಬೇರೇನೋ ಅರ್ಥವಾಗಿತ್ತು. "ನಮ್ಮ ಕುರಿ ಏನ್ ಮಾಡ್ತವೆ?" ಎಂದ. "ಹಗಲೆಲ್ಲ ಮಾರಿಕಣಿವೆ ಗುಡ್ಡದಾಗೆ ಮೇಯ್ತವೆ. ರಾತ್ರಿ ಯಾರೋ ಒಬ್ರ ಹೊಲದಾಗೆ ತರುಬ್ತೀವಿ, ಅಲ್ಲಿ ಗೊಬ್ರ ಕೊಡ್ತವೆ. ಮೇದಿದ್ದೂ ಅವೇ, ಗೊಬ್ರ ಕೊಟ್ಟಿದ್ದೂ ಅವೇ. ಎರಡು ಕೆಲ್ಸ ಮಾಡಿದ್ವು ಅಂತ ಯಾರಾದ್ರೂ ದಂಡ ಹಾಕಿದಾರಾ?"

"ನನ್ ಮಗನ್ನ ಕುರಿ ಅಂತೀರಾ?"

"ಕುರಿಗೆ ಇರೋ ಬುದ್ಧಿ ನಮಗಿಲ್ಲ ಅಂತೀನಿ."

ಆಶಾರಾಣಿ ಈಗ ನಕ್ಕಳು. ಬೋರಕ್ಕನಿಗೂ ಸ್ವಲ್ಪ ಹಗುರವಾಯಿತು. ಆದರೂ ಒಂದು ಪ್ರಶ್ನೆ ಉಳಿದಿತ್ತು, ಅದು ಮೊದಲಿನಿಂದಲೂ ಎಲ್ಲದರ ಕೆಳಗೆ ಇತ್ತು.

"ಅದಿರ್ಲಿ. ಕೆಲ್ಸ ಐತೆ, ಸಂಬಳ ಐತೆ. ಪಿಂಚಣಿ ತನಕ ಅಲ್ಲೇ ಇರ್ತಾನೆ. ಅಂಥೋನಿಗೆ ಡಿಗ್ರಿ ಯಾಕೆ?"

ಆಶಾರಾಣಿ ಜುಂಜಣ್ಣನ ಮುಖ ನೋಡಿದಳು. ಜುಂಜಣ್ಣ ನೆಲ ನೋಡಿದ.

"ಬೋರಕ್ಕ, ಅಗ್ನಿವೀರರದ್ದು ನಾಕು ವರ್ಷದ ಸೇವೆ. ಆಮೇಲೆ ನಾಕು ಜನದಾಗೆ ಹೆಚ್ಚಂದ್ರೆ ಒಬ್ರನ್ನ ಉಳಿಸ್ಕಂತಾರೆ. ಉಳಿದೋರು ಮನೆಗೆ ಬರ್ತಾರೆ. ನಿಮಗೆ ಗೊತ್ತೈತೆ ಅಂದ್ಕಂಡಿದ್ದೆ."

ಬೋರಕ್ಕನಿಗೆ ಗೊತ್ತಿರಲಿಲ್ಲ. ಮಗನದು ಕಾಯಂ ಕೆಲಸವೆಂದು ಅವಳು ಫಾರಂನಲ್ಲಿ ಹೇಳಿದ್ದಳು, ಹೊರಕೆರೆದೇವಪುರದ ಅಕ್ಕನ ಮನೆಯಲ್ಲಿ ಹೇಳಿದ್ದಳು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರಿಗೂ ಹೇಳಿದ್ದಳು. ಗಂಡನ ಕಡೆ ತಿರುಗಿ ಕೇಳಿದಳು, ನಿಮಗೆ ಗೊತ್ತಿತ್ತಾ?

"ಸೇರುವಾಗ್ಲೇ ಹೇಳಿದ್ದ," ಎಂದ ಜುಂಜಣ್ಣ. "ನಿಂಗೆ ಹೇಳಿದ್ರೆ ದಿನ ಎಣಿಸ್ತಾ ಕುಂತ್ಕಂತಿದ್ದೆ."

ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ಸಿಟ್ಟಿನ ನಡುವೆಯೇ, ಹಾಗಾದರೆ ಮಗ ಮುಂದಿನ ವರ್ಷ ಮನೆಗೆ ಬರಬಹುದು ಎಂದು ಸಂತೋಷ ಬಂತು. ಸಂತೋಷದ ಬೆನ್ನಿಗೇ, ಬಂದು ಏನು ಮಾಡುತ್ತಾನೆ ಎಂಬ ಭಯ ಬಂತು. ದಿನಾ ದೇವರ ಮುಂದೆ ನಿಂತು ಮಗ ಮನೆಗೆ ಬರಲಿ ಎನ್ನುತ್ತಿದ್ದವಳು. ಇನ್ನು ಮೇಲೆ ಬರಲಿ ಎಂದು ಬೇಡಿಕೊಳ್ಳಬೇಕೋ, ಬಾರದೆ ಅಲ್ಲೇ ಉಳಿಯಲಿ ಎಂದು ಬೇಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಆಶಾರಾಣಿಗೆ ಅದು ಗೊತ್ತಾಯಿತೋ ಏನೋ. "ಯಾವುದಾಗ್ತೈತೋ ಅವನಿಗೂ ಗೊತ್ತಿಲ್ಲಕ್ಕ," ಎಂದಳು. "ಅದಕ್ಕೇ ಓದ್ತೀನಿ ಅಂತಿದಾನೆ. ಉಳಿದ್ರೂ ಓದು ಕೆಲ್ಸಕ್ಕೆ ಬರ್ತೈತೆ. ಬಂದ್ರೆ, ಡಿಗ್ರಿ ಕೇಳೋ ಕೆಲ್ಸಕ್ಕೆ ಅರ್ಜಿ ಹಾಕಾಕೆ ಇವತ್ತಿನಿಂದ ಓದಿದ್ರೇನೇ ಆಗೋದು. ಬಂದ ಮೇಲೆ ಶುರು ಮಾಡಿದ್ರೆ ಅಲ್ಲಿಂದ ಮೂರು ವರ್ಷ ಕಾಯ್ಬೇಕು."

ಬೋರಕ್ಕ ಎದ್ದು ಗಂಡನ ಮುಂದೆ ನಿಂತಳು. "ಏಳ್ರಿ ಮೇಲೆ," ಎಂದಳು.

ಲೈಬ್ರರಿಯ ಕಂಪ್ಯೂಟರಿನಲ್ಲಿ ಕಾರ್ಡು ಸ್ಕ್ಯಾನ್ ಆಯಿತು. ಅಂಚು ಒಂದಿಷ್ಟು ಮಡಚಿಹೋಗಿತ್ತು, ಆಶಾರಾಣಿ ಅದನ್ನು ಉಗುರಿನಿಂದ ನೀವಿ ಸರಿಮಾಡಿದಳು. ಕಳಿಸಿದ ಸ್ವಲ್ಪ ಹೊತ್ತಿಗೆ ದಯಾನಂದನೇ ಫೋನ್ ಮಾಡಿದ. ಎಲ್ಲಿ ಸಿಕ್ಕಿತು ಎಂದು ಕೇಳಿದ. ಬೋರಕ್ಕ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು, ಗಂಗಕ್ಕನ ರೇಷನ್ ಕಾರ್ಡಿನಿಂದ ಹಿಡಿದು. ಅವನು ನಕ್ಕ. ಅಲ್ಲಿ ಪಕ್ಕದಲ್ಲಿದ್ದ ಯಾರಿಗೋ ಹಿಂದಿಯಲ್ಲಿ ಹೇಳಿದ, ಅವರೂ ನಕ್ಕರು. ಪರೀಕ್ಷೆಯ ದಿನವೇ ಡ್ಯೂಟಿ ಬಿದ್ದರೆ ಏನು ಮಾಡುತ್ತೀ ಎಂದು ಅವಳು ಕೇಳಿದಳು.

"ಡ್ಯೂಟಿನೇ ಮೊದ್ಲವ್ವ. ಆ ಸಲ ಆಗ್ದಿದ್ರೆ ಮುಂದಿನ ಸಲ ಬರೀತೀನಿ. ಅದಕ್ಕೆ ಅವಕಾಶ ಐತೆ."

"ನಾಕು ವರ್ಷದ್ದು ನಂಗ್ಯಾಕೆ ಹೇಳ್ಲಿಲ್ಲ?"

ನಗು ನಿಂತಿತು. "ಹೆಂಗ್ ಹೇಳ್ಲವ್ವ. ನೀನು ಊರಿಗೆಲ್ಲ ಹೇಳ್ಕಂಡು ಖುಷಿಯಾಗಿದ್ದೆ."

ಬೋರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಗಾಡಿ ರಿಪೇರಿಯ ಮಾರ್ಕ್ಸಿನ ಲೆಕ್ಕ ಈಗಲೂ ಅರ್ಥವಾಗಿರಲಿಲ್ಲ. ಮುಂದಿನ ವರ್ಷ ಏನಾಗುತ್ತದೋ ಅದೂ ಗೊತ್ತಿರಲಿಲ್ಲ.

"ಓದು ಮಗ," ಎಂದಳು. "ಬಂದ್ರೂ ಸರಿ, ಉಳಿದ್ರೂ ಸರಿ. ಯಾವುದಾದ್ರೂ ಮೊದ್ಲು ನಂಗೆ ಹೇಳು."

ಓದುಗರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸೈನ್ಯದಲ್ಲಿರುವ ಮಗ, ಮಗಳು ಇದ್ದರೆ ಅವರ ಓದು ಪಿಯುಸಿಗೇ ನಿಲ್ಲಬೇಕಾಗಿಲ್ಲ. ತಮ್ಮ ಘಟಕದಲ್ಲಿ ಶಿಕ್ಷಣದ ಕೆಲಸ ನೋಡುವವರನ್ನು ಕೇಳಲು ಹೇಳಿ, ನಿಯಮ ಬದಲಾಗುತ್ತಿರುತ್ತದೆ, ಈಗಿನದು ಅವರಿಗೇ ಚೆನ್ನಾಗಿ ಗೊತ್ತು. ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಲಿ. ಮಾನ್ಯತೆ ಇರುವ ವಿಶ್ವವಿದ್ಯಾಲಯವೇ ಎಂದು ನೋಡಿ ಸೇರಲಿ. ಪರೀಕ್ಷೆ ಇಲ್ಲದೆ ಡಿಗ್ರಿ ಕೊಡುತ್ತೇನೆ ಎನ್ನುವವನನ್ನು ಬಾಗಿಲಿನಿಂದಲೇ ಕಳಿಸಿ. ನಿಮಗೆ ಗೊಂದಲವಿದ್ದರೆ ಕಾಗದ ಬಚ್ಚಿಡಬೇಡಿ, ಪಂಚಾಯಿತಿ ಲೈಬ್ರರಿಗೆ ಹೋಗಿ ಕೇಳಿ. ಕೇಳುವುದು ಅವಮಾನವಲ್ಲ. ಇಂದು ಸಂಜೆ ಗಡಿಯಿಂದ ಫೋನ್ ಬಂದರೆ, ಊಟ ಆಯ್ತಾ ಎಂದು ಕೇಳಿದ ಮೇಲೆ, ಓದು ಎಲ್ಲಿಗೆ ಬಂತಪ್ಪ ಎಂದೂ ಒಂದು ಮಾತು ಕೇಳಿ.