ಕೇಳಿದವರು: ಮಗಳು

ತಿರುಪು ಎರಡನೆಯ ಸಲವೂ ಬೆರಳ ಸಂದಿಯಿಂದ ಜಾರಿ ಊಟದ ಮೇಜಿನ ಕೆಳಗೆ ಹೋದಾಗ ಮಗಳು ಮಂಡಿಯೂರಿ ನೆಲ ತಡಕತೊಡಗಿದಳು. ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿ ನಡೆಸುವವಳಿಗೆ ಇಂಥ ತಿರುಪು ಕೂರಿಸುವುದು ಕಣ್ಣುಮುಚ್ಚಿ ಮಾಡುವ ಕೆಲಸ. ಇವತ್ತು ಕೈ ಮಾತು ಕೇಳುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಅಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು, ಹನ್ನೊಂದಕ್ಕೆ ಎತ್ತಬೇಕಿತ್ತು.

"ಕಣ್ಣು ಮುಚ್ಚಿದೋನಿಗೆ ಕನ್ನಡಕ ಯಾಕೇ?" ಬಾಗಿಲಲ್ಲಿ ನಿಂತ ಅತ್ತೆ ಕೇಳಿದಳು. ಅಪ್ಪನ ಒಬ್ಬಳೇ ತಂಗಿ. ಅಮ್ಮ ತೀರಿಕೊಂಡ ಮೇಲೆ ಈ ಮನೆಗೆ ಬಂದು, ಎಂಟು ವರ್ಷದ ಇವಳ ತಲೆ ಬಾಚಿ ದೊಡ್ಡವಳನ್ನಾಗಿ ಮಾಡಿದವಳು. ವಯಸ್ಸು ಎಂಬತ್ತಕ್ಕೆ ಎರಡು ಕಡಿಮೆ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

"ಕನ್ನಡಕ ಇಲ್ದೆ ಅಪ್ಪನ ಮುಖ ಬೇರೆ ಯಾರದೋ ಥರ ಇದೆ, ಅತ್ತೆ."

"ಅದು ನಿಜ ಅನ್ನು. ಹುಟ್ಟುವಾಗ್ಲೇ ಹಾಕ್ಕೊಂಡು ಬಂದಿದ್ನೇನೋ."

ಅತ್ತೆ ಮುಂದಿನ ಕೋಣೆಗೆ ಹೋಗಿ ಬಂದವರ ನಡುವೆ ಕುಳಿತಳು. ಅಣ್ಣನ ಬಗ್ಗೆ ಅವಳಿಗಿದ್ದ ದುಃಖವೆಲ್ಲ ಬೈಗುಳವಾಗಿಯೇ ಹೊರಗೆ ಬರುತ್ತಿತ್ತು.

"ಬೈಬಲ್ಲಿನ ಮೂಲ ಭಾಷೆ ಓದ್ತೀನಿ ಅಂತ ಹೊರಟ. ಹೀಬ್ರೂ, ಗ್ರೀಕ್. ಒಂದು ಬಲದಿಂದ ಎಡಕ್ಕೆ ಬರೆಯೋದು, ಇನ್ನೊಂದು ಎಡದಿಂದ ಬಲಕ್ಕೆ. ಇವನು ಮಧ್ಯದಲ್ಲೇ ನಿಂತುಬಿಟ್ಟ. ಇದನ್ನ ಓದಿದ್ರೆ ಕೆಲಸ ಯಾರು ಕೊಡ್ತಾರೋ ಅಂತ ನಮ್ಮಪ್ಪ ಬಡ್ಕೊಂಡ. ಕೇಳಿದ್ನಾ?"

ಅವಳು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ. ಪಾದ್ರಿಗಳನ್ನು ತಯಾರು ಮಾಡುವ ಕಾಲೇಜಿನಲ್ಲಿ ಅಪ್ಪ ನಾಲ್ಕು ವರ್ಷ ಪಾಠ ಮಾಡಿದ್ದ. ಕೊನೆಯ ವರ್ಷ ತರಗತಿಯಲ್ಲಿ ಉಳಿದಿದ್ದವನು ಒಬ್ಬನೇ ವಿದ್ಯಾರ್ಥಿ. ಅವನೂ ಅರ್ಧಕ್ಕೇ ಬಿಟ್ಟ ಮೇಲೆ ವಿಭಾಗಕ್ಕೆ ಬೀಗ ಬಿತ್ತು. ಆಮೇಲೆ ಒಂದು ವಸ್ತುಸಂಗ್ರಹಾಲಯದಲ್ಲಿ ಆರು ತಿಂಗಳು ಹಳೆಯ ಮಣ್ಣಿನ ಚೂರುಗಳಿಗೆ ಚೀಟಿ ಬರೆದ. ಕೊನೆಗೆ ಔಷಧಿ ಡಬ್ಬಿಯೊಳಗೆ ಮಡಿಸಿಡುವ ಕಾಗದ ಅಚ್ಚುಹಾಕುವ ಪ್ರೆಸ್ಸಿಗೆ ಪ್ರೂಫ್ ನೋಡುವವನಾಗಿ ಸೇರಿದವನು ಮೂವತ್ತೊಂದು ವರ್ಷ ಅಲ್ಲೇ ಕುಳಿತ.

"ಹಾಗನ್ಬೇಡಿ ಅಮ್ಮ," ಎಂದರು ಪ್ರೆಸ್ಸಿನ ಮೇಸ್ತ್ರಿ. "ಒಂದು ಚುಕ್ಕಿ ಆಚೀಚೆ ಆದ್ರೆ ಜನ ಹತ್ತು ಪಾಲು ಔಷಧಿ ಕುಡಿದುಬಿಡ್ತಾರೆ. ಇವರು ಇರೋವರೆಗೆ ನಾವು ನೆಮ್ಮದಿಯಾಗಿ ನಿದ್ದೆ ಮಾಡಿದ್ವಿ."

"ಮಾಡಿರ್ತೀರ. ಎರಡು ಸತ್ತ ಭಾಷೆ ಕಲಿತೋನಿಗೆ ಬದುಕಿರೋರ ಹತ್ರ ಮಾತಾಡೋಕೆ ಮಾತ್ರ ಬರ್ಲಿಲ್ಲ."

ಯಾರೋ ನಕ್ಕರು, ಅತ್ತೆ ಅತ್ತಳು. ಮಗಳಿಗೆ ತಿರುಪು ಸಿಕ್ಕಿತು. ಎದ್ದು, ಅದೇ ಮೇಜಿಗೆ ಮೊಣಕೈಯೂರಿ ಅದನ್ನು ಕೂರಿಸಿದಳು. ಮಾತಾಡಲು ಬರಲಿಲ್ಲ ಎಂದಳಲ್ಲ ಅತ್ತೆ, ಮಾತಾಡಿದ್ದೆಲ್ಲ ಈ ಮೇಜಿನ ಮೇಲೆಯೇ.

*

ಅವಳಿಗೆ ಒಂಬತ್ತು ವರ್ಷವಿದ್ದಾಗ ಅದು ಶುರುವಾಯಿತು. ಸಂಜೆ ಏಳಕ್ಕೆ ಅಪ್ಪ ಪ್ರೆಸ್ಸಿನಿಂದ ಬಂದು, ಕೈಕಾಲು ತೊಳೆದು, ಮೇಜಿನ ಮೇಲೆ ಒಂದು ಕಾಗದ ಹರಡಿಕೊಳ್ಳುತ್ತಿದ್ದ. "ಬಾ, ಕೂತ್ಕೋ" ಅಂದರೆ ಅವಳು ಎದುರಿಗೆ ಕೂರಬೇಕು. ಅವನು ಒಂದು ಪುಟ ನಿಧಾನವಾಗಿ ಓದುತ್ತಿದ್ದ. ಯಾವುದೋ ಕಾಲದ ರಾಜರು, ಬಾವಿಗಳು, ಯುದ್ಧಗಳು. ಓದಿ ಮುಗಿಸಿ, "ಈಗ ನಿನಗೆ ತಿಳಿದದ್ದು ಹೇಳು" ಅನ್ನುತ್ತಿದ್ದ.

ಅವಳು ಹೇಳುತ್ತಿದ್ದಳು. ಹೇಳುವಾಗ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಸರಿಯೋ ತಪ್ಪೋ ಅನ್ನುವುದು ಅಲ್ಲಿ ಕಾಣಿಸಬೇಕಲ್ಲ. ಆ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಅವಳ ಮಾತು ಮುಗಿದ ಮೇಲೆ ಅವನು ಕೆಂಪು ಪೆನ್ಸಿಲು ತೆಗೆದು ಕಾಗದದ ಮೇಲೆ ಉದ್ದಕ್ಕೆ ಗೀಟು ಎಳೆಯುತ್ತಿದ್ದ, ಅಂಚಿನಲ್ಲಿ ಏನೋ ಬರೆಯುತ್ತಿದ್ದ. "ಆಯ್ತು. ಹೋಗು" ಅನ್ನುತ್ತಿದ್ದ.

ಶಾಲೆಯಲ್ಲಿ ಕೆಂಪು ಗೀಟು ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಒಂದು ದಿನ ಶತ್ರುಗಳ ಭಯದಲ್ಲಿ ಊರಿನ ಗೋಡೆ ಕಟ್ಟುವವರ ಕತೆ ಓದಿದ. ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಆಯುಧ. ಅವಳು ಕೇಳಿಬಿಟ್ಟಳು: "ಅಪ್ಪಾ, ಒಂದೇ ಕೈಯಲ್ಲಿ ಕಲ್ಲು ಹೇಗೆ ಎತ್ತಿದ್ರು?"

ಅಪ್ಪ ಪುಟವನ್ನು ಮತ್ತೊಮ್ಮೆ ಓದಿಕೊಂಡ. ಆಮೇಲೆ ಇಡೀ ಪುಟಕ್ಕೆ ಅಡ್ಡಗೀಟು ಹಾಕಿದ. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಒಂದೇ ಒಂದು ಸಲ ಗೀಟಿಲ್ಲದ ಪುಟ ನೋಡಬೇಕೆಂದು ಅವಳು ಎಂಟು ವರ್ಷ ಆ ಕುರ್ಚಿಯಲ್ಲಿ ಕುಳಿತಳು. ತಾನು ದಡ್ಡಿ, ಅಪ್ಪ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ, ಅನ್ನುವುದು ಮನಸ್ಸಿನಲ್ಲಿ ಬೇರುಬಿಟ್ಟಿತು. ಹದಿನೇಳು ತುಂಬಿದ ವರ್ಷ ಒಂದು ಸಂಜೆ "ತಲೆನೋವು" ಅಂದಳು. ಮರುದಿನವೂ ಅದನ್ನೇ ಅಂದಳು. ಮೂರನೆಯ ದಿನ ಅಪ್ಪ ಕರೆಯಲಿಲ್ಲ. ಭಾಷೆ, ಪುಸ್ತಕ ಯಾವುದರ ಗೊಡವೆಯೂ ಬೇಡವೆಂದು ಅವಳು ಕಣ್ಣು ಪರೀಕ್ಷೆ ಮಾಡುವ ಕೋರ್ಸಿಗೆ ಸೇರಿದಳು.

*

ಮಣ್ಣು ಹಾಕುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿ ಎರಡು ಮಾತು ಹೇಳಿದರು. "ಎರಡು ಪ್ರಾಚೀನ ಭಾಷೆಗಳ ಪಂಡಿತರು. ಸರಳ ಜೀವಿ," ಎಂದವರು ಮುಂದೇನು ಹೇಳುವುದೆಂದು ತಿಳಿಯದೆ ಕೆಮ್ಮಿದರು. ಪೆಟ್ಟಿಗೆಯೊಳಗೆ ಕನ್ನಡಕ ಹಾಕಿಕೊಂಡ ಅಪ್ಪ, ಪ್ರೂಫಿನಲ್ಲಿ ತಪ್ಪು ಸಿಕ್ಕವನ ಹಾಗೆ ತುಸು ಹುಬ್ಬು ಗಂಟಿಕ್ಕಿಕೊಂಡೇ ಹೋಗಿದ್ದ.

ಜನ ಚದುರುವಾಗ ಒಬ್ಬ ಮುದುಕಿ ಬೇಗಬೇಗ ನಡೆದು ಬಂದರು. ಬಗಲಲ್ಲಿ ದೊಡ್ಡ ಬಟ್ಟೆಚೀಲ, ಮುಖವೆಲ್ಲ ಬೆವರು.

"ಬಸ್ಸು ಕೈಕೊಡ್ತು," ಎಂದು ಏದುಸಿರು ಬಿಡುತ್ತ ಗುಂಡಿಯ ಕಡೆ ನೋಡಿ ಕೈಜೋಡಿಸಿದರು. ಆಮೇಲೆ ಇವಳ ಕಡೆ ತಿರುಗಿದರು. "ನೀವೇನಾ ಮಗಳು?"

"ಹೌದು. ತಾವು?"

"ಅನುವಾದದ ಕಚೇರಿಯ ಟೈಪಿಸ್ಟು. ಮೂವತ್ತೇಳು ವರ್ಷದಿಂದ ನಿಮ್ಮಪ್ಪನ ಕೈಬರಹ ಓದಿ ಓದಿ ನನ್ನ ಕಣ್ಣು ಹೋಯ್ತು," ಎಂದು ನಗಲು ಹೋಗಿ ಅತ್ತರು. "ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಒಂದು ಪುಟ ಉಳಿದುಹೋಗಿದೆ ಕಣಮ್ಮಾ. ಅದೊಂದೇ."

ಒಂದು ಪುಟ ಅಂದಕೂಡಲೇ ಮಗಳಿಗೆ ಅಪ್ಪನ ಮಾತು ನೆನಪಾಯಿತು.

*

ಹೋದ ತಿಂಗಳು ಅಪ್ಪ ಅಂಗಡಿಗೆ ಬಂದಿದ್ದ. ಕನ್ನಡಕದ ಬಲಗಡೆಯ ಕಡ್ಡಿ ಅಲುಗಾಡುತ್ತಿದೆ ಅನ್ನುವುದು ನೆಪ. ಅವಳು ಒಬ್ಬ ಮುದುಕನ ಕಣ್ಣು ನೋಡುತ್ತಿದ್ದಳು. ಗೋಡೆಯ ಹಲಗೆಯ ನಾಲ್ಕನೇ ಸಾಲು ಓದಲಾಗದೆ ಆತ ನಾಚಿಕೊಂಡಿದ್ದ.

"ತಪ್ಪು ನಿಮ್ಮದಲ್ಲ ತಾತ, ಗಾಜಿಂದು. ಬದಲಾಯಿಸೋಣ," ಎಂದು ಅವಳು ಬೇರೆ ಗಾಜು ಹಾಕುತ್ತಿದ್ದಳು. ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು.

ಅಪ್ಪ ಹಿಂದಿನಿಂದ ಮೆಲ್ಲಗೆ ಅಂದ: "ಒಂದೇ ಒಂದು ಪುಟ ಇದೆ. ಭಾನುವಾರ ಬರ್ತೀಯಾ? ಕೇಳಿಸ್ಕೊಂಡ್ರೆ ಸಾಕು."

ಇಪ್ಪತ್ತೊಂಬತ್ತು ವರ್ಷದ ಮೇಲೆ ಅದೇ ಮಾತು. ಕುರ್ಚಿ, ಕೆಂಪು ಪೆನ್ಸಿಲು, ಬಚ್ಚಲಿನ ನಲ್ಲಿಯ ಸದ್ದು ಎಲ್ಲ ಒಟ್ಟಿಗೆ ನುಗ್ಗಿ ಬಂದವು. "ಅಪ್ಪಾ, ನನಗೆ ನಲವತ್ತಾರು. ಇನ್ನೂ ಪರೀಕ್ಷೆನಾ? ಬೇರೆ ಯಾರನ್ನಾದ್ರೂ ನೋಡ್ಕೋ."

"ಪರೀಕ್ಷೆ?" ಎಂದ ಅಪ್ಪ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇನ್ನಿಬ್ಬರು ಗಿರಾಕಿಗಳು ಬಂದರು. "ಇರಲಿ, ಅಂಥ ಅವಸರವೇನಿಲ್ಲ," ಎಂದು ತಿರುಪು ಹಾಕಿಸಿಕೊಳ್ಳುವುದನ್ನೂ ಮರೆತು ಹೊರಟ. ಮುಂದಿನ ವಾರ ಫೋನ್ ಮಾಡಿದ, ಅದರ ಮುಂದಿನ ವಾರವೂ ಮಾಡಿದ. ಎರಡು ಸಲವೂ ಅವಳು ಕೆಲಸವಿದೆ ಅಂದಳು. ನಿಜಕ್ಕೂ ಇರಲಿಲ್ಲ.

*

ಮಧ್ಯಾಹ್ನ ಮನೆ ಖಾಲಿಯಾಯಿತು. ಅತ್ತೆ ಒಳಗೆ ಮಲಗಿದ್ದಳು. ಟೈಪಿಸ್ಟಮ್ಮ ಟೀ ಕುಡಿದು, ಚೀಲದಿಂದ ಹಳೆಯ ಕಾಗದಗಳ ಕಟ್ಟುಗಳನ್ನು ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಬೈಬಲ್ಲಿನ ಹಳೇ ಅನುವಾದ ಇತ್ತಲ್ಲ, ಅದು ಪಂಡಿತರಿಗೆ ಮಾತ್ರ ತಿಳಿಯೋದು. ಮನೇಲಿ ಆಡೋ ಮಾತಲ್ಲಿ ಹೊಸದಾಗಿ ಮಾಡ್ಬೇಕು ಅಂತ ನಮ್ಮ ಕಚೇರಿ ಶುರುವಾಗಿದ್ದು. ಸೈಕಲ್ ಅಂಗಡಿ ಮೇಲೆ ಒಂದು ಕೋಣೆ, ಅಷ್ಟೇ. ನಿಮ್ಮಪ್ಪ ಮೂಲ ಓದಿ ಬರೀತಿದ್ರು. ಆದ್ರೆ ಬರೆದೋರಿಗೆ ತಮ್ಮದೆಲ್ಲ ಅರ್ಥ ಆಗಿಯೇ ಆಗುತ್ತಲ್ಲ? ಅದಕ್ಕೇ ಒಂದು ಪದ್ಧತಿ. ಏನೂ ಗೊತ್ತಿಲ್ದೇ ಇರೋ ಒಬ್ಬರಿಗೆ ಓದಿ ಹೇಳ್ಬೇಕು. ಅವರು ತಿರುಗಿ ಹೇಳ್ಬೇಕು. ಅವರು ಎಡವಿದ ಕಡೆ ಬರಹ ಕೆಟ್ಟಿದೆ ಅಂತ ಲೆಕ್ಕ, ಹೊಡೆದುಹಾಕ್ಬೇಕು."

"ಬರಹ ಕೆಟ್ಟಿದೆ ಅಂತಾನಾ?"

"ಮತ್ತೆ? ಕೇಳಿದೋರದು ಯಾವತ್ತೂ ತಪ್ಪಿರೋಲ್ಲಮ್ಮ." ಟೈಪಿಸ್ಟಮ್ಮನಿಗೆ ಇದು ಇಷ್ಟು ಸಲೀಸಾದ ವಿಷಯವಾಗಿತ್ತು ಅಂದರೆ, ಎದುರಿನವಳ ಮುಖ ಬಿಳಿಚಿದ್ದನ್ನು ಅವರು ಗಮನಿಸಲೇ ಇಲ್ಲ. "ಒಂದು ಕೈಯಲ್ಲಿ ಕಲ್ಲು ಹೇಗೆ ಎತ್ತಿದ್ರು ಅಂತ ಕೇಳಿದ್ದು ನೀವೇ ಅಲ್ವಾ? ಆ ಪುಟ ನಾಲ್ಕು ಸಲ ಟೈಪ್ ಮಾಡಿದೀನಿ. ಕಮಿಟಿಯ ದೊಡ್ಡದೊಡ್ಡ ತಲೆಗಳಿಗೆಲ್ಲ ಮೂರು ತಿಂಗಳು ನಿದ್ದೆ ಇಲ್ಲ. 'ಮಗಳಿಗೆ ತಿಳೀಲಿಲ್ಲ' ಅಂತ ನಿಮ್ಮಪ್ಪ ಕಾಗದ ಇಟ್ರೆ ಎಲ್ಲರೂ ಗಪ್‌ಚುಪ್."

ಅವಳು ಮೇಲಿನ ಹಾಳೆ ಎತ್ತಿಕೊಂಡಳು. ತಲೆಯಲ್ಲಿ ಮೂರು ಸಾಲು. ತಾರೀಖು. ಓದಿದವರು. ಕೇಳಿದವರು: ಮಗಳು, ಒಂಬತ್ತು ವರ್ಷ. ಕೆಂಪು ಗೀಟಿನ ಪಕ್ಕದಲ್ಲಿ, ಅಂಚಿನಲ್ಲಿ, ಅವಳು ಆ ವಯಸ್ಸಿನಲ್ಲಿ ಎದುರಿನಿಂದ ತಲೆಕೆಳಗಾಗಿ ಮಾತ್ರ ಕಂಡಿದ್ದ ಅಕ್ಷರಗಳು: ಮಗಳಿಗೆ ತಿಳಿಯಲಿಲ್ಲ. ತಪ್ಪು ನನ್ನದು. ತಿದ್ದಬೇಕು. ಇನ್ನೊಂದು ಹಾಳೆ ತೆಗೆದಳು. ಮಗಳು, ಹತ್ತು ವರ್ಷ. ತಪ್ಪು ನನ್ನದು. ಮಗಳು, ಹದಿಮೂರು ವರ್ಷ. ಮಗಳು, ಹದಿನೇಳು.

"ಒಂದು ಸಲಾನೂ ಭೇಷ್ ಅಂತ ಅನ್ಲಿಲ್ಲ ನನಗೆ," ಎಂದಳು.

"ಅನ್ನೋ ಹಾಗಿಲ್ಲಮ್ಮ, ಅದೇ ಮೊದಲನೇ ನಿಯಮ. ಹೊಗಳಬಾರದು, ತೆಗಳಬಾರದು, ಮುಖದಲ್ಲಿ ಏನೂ ತೋರಿಸಬಾರದು. ಹೊಗಳಿದ್ರೆ ಮುಂದಿನ ಸಲ ಮೆಚ್ಚಿಸೋಕೆ ಅಂತ ಹೇಳ್ತಾರೆ." ಅವರು ಈಗ ಅವಳನ್ನು ನೋಡಿದರು. "ನಿಮಗೆ ಹೇಳಿರ್ಲಿಲ್ವಾ?"

ಹೇಳಿರಬಹುದು. ಮೊದಲ ದಿನ, ಒಂಬತ್ತು ವರ್ಷದ ಹುಡುಗಿಗೆ ಒಂದು ಮಾತು ಹೇಳಿ, ಅವಳಿಗೆ ತಿಳಿಯಿತೇ ಎಂದು ಅದೊಂದನ್ನು ಮಾತ್ರ ತಿರುಗಿ ಕೇಳದೆ ಬಿಟ್ಟಿರಬಹುದು. ಅವಳಾದರೂ ಕೇಳಬಹುದಿತ್ತು. ಇಬ್ಬರೂ ಕೇಳಲಿಲ್ಲ. ಅವಳು ಮುಖ ಮುಚ್ಚಿಕೊಂಡು ಅತ್ತಳು, ಈ ಸಲ ನಲ್ಲಿ ಬಿಟ್ಟುಕೊಳ್ಳದೆ.

ಟೈಪಿಸ್ಟಮ್ಮ ಕಾಯ್ದರು. ಆಮೇಲೆ ಚೀಲದ ತಳದಿಂದ ಒಂದು ಹಾಳೆಯನ್ನೂ ಕೆಂಪು ಪೆನ್ಸಿಲನ್ನೂ ತೆಗೆದರು. "ನೀವು ಬಿಟ್ಟಮೇಲೆ ಬೇರೆಯೋರಿಗೆ ಓದ್ತಿದ್ರು. ತರಕಾರಿಯೋಳು, ಪ್ರೆಸ್ಸಿನ ಕಾವಲುಗಾರ, ಯಾರೂ ಇಲ್ದಿದ್ರೆ ನಾನು. ಇದೊಂದನ್ನ ಮಾತ್ರ ಬೇರೆ ಯಾರಿಗೂ ಓದೋಲ್ಲ ಅಂದ್ರು. ಹೋದ ವಾರ ಇದನ್ನೂ ಪೆನ್ಸಿಲನ್ನೂ ನನ್ನ ಕೈಗೆ ಕೊಟ್ಟು, 'ನನ್ನಿಂದ ಆಗದಿದ್ರೆ ನೀವು ಓದಿ' ಅಂದ್ರು. ಓದ್ಲಾ?"

ಅವಳು ಕಣ್ಣೊರೆಸಿಕೊಂಡು ಹಳೆಯ ಕುರ್ಚಿಯನ್ನು ಎಳೆದು ಎದುರಿಗೆ ಕುಳಿತಳು. ಟೈಪಿಸ್ಟಮ್ಮ ನಿಧಾನವಾಗಿ ಓದಿದರು. ಅಪ್ಪ ಬರೆದ ಮಾತು ಅಡುಗೆಮನೆಯಲ್ಲಿ ಯಾರೋ ಆಡಿದಷ್ಟು ಸಹಜವಾಗಿತ್ತು. ಬೈಬಲ್ಲಿನ ಒಂದು ಪತ್ರದ ಕೊನೆಯ ಭಾಗ ಅದು.

"ಈಗ ನಿಮಗೆ ತಿಳಿದದ್ದು ಹೇಳಿ."

"ಒಬ್ಬ ವಯಸ್ಸಾದೋನು," ಎಂದಳು. "ಜೈಲಲ್ಲಿದಾನೆ. ಇನ್ನು ಹೆಚ್ಚು ದಿನ ಇರೋಲ್ಲ ಅಂತ ಅವನಿಗೆ ಗೊತ್ತು. ಜೊತೇಲಿದ್ದೋರು ಒಬ್ಬೊಬ್ಬರೇ ಹೋಗಿಬಿಟ್ಟಿದಾರೆ. ಮಗನ ಥರ ಸಾಕಿದೋನೊಬ್ಬ ದೂರದಲ್ಲಿದಾನೆ, ಅವನಿಗೆ ಬರೀತಿದಾನೆ. ಎಲ್ಲೋ ಬಿಟ್ಟುಬಂದ ಹೊದಿಕೆ ತಗೊಂಡು ಬಾ, ಪುಸ್ತಕ ತಗೊಂಡು ಬಾ ಅಂತ."

"ಇನ್ನೇನಾದ್ರೂ?"

"ಬೇಗ ಬಾ ಅಂತ. ಎರಡು ಸಲ ಕೇಳ್ತಾನೆ. ಚಳಿ ಶುರುವಾಗೋಕೆ ಮುಂಚೆ ಬಾ ಅಂತ."

ಟೈಪಿಸ್ಟಮ್ಮನ ಮುಖದಲ್ಲಿ ಏನೂ ಇರಲಿಲ್ಲ. ಅದನ್ನು ಹಾಗಿಡಲು ಅವರು ಪಡುತ್ತಿದ್ದ ಕಷ್ಟ ಮಗಳಿಗೆ ಈಗ ಕಾಣುತ್ತಿತ್ತು.

"ಅವನು ಹೋದ್ನಾ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ. ಪತ್ರ ಇಲ್ಲಿಗೇ ಮುಗಿಯುತ್ತೆ."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಿರುಗಿಸಿದರು. ತಲೆಯಲ್ಲಿ ಅಪ್ಪ ಮೊದಲೇ ತುಂಬಿಟ್ಟಿದ್ದ: ಕೇಳಿದವರು: ಮಗಳು, ನಲವತ್ತಾರು ವರ್ಷ. ತಾರೀಖಿನ ಜಾಗ ಮಾತ್ರ ಖಾಲಿ ಇತ್ತು. ಟೈಪಿಸ್ಟಮ್ಮ ಪೆನ್ನಿನಲ್ಲಿ ಅಲ್ಲಿ ಇವತ್ತಿನ ದಿನ ಬರೆದರು.

"ಆಯ್ತು," ಎಂದರು.

ಪುಟದ ಪಕ್ಕದಲ್ಲಿ ಕೆಂಪು ಪೆನ್ಸಿಲು ಮಲಗಿತ್ತು, ಅಪ್ಪ ಬ್ಲೇಡಿನಲ್ಲಿ ಕೆತ್ತಿಕೊಟ್ಟ ಮೊನೆ ಹಾಗೇ ಇತ್ತು.